ಡಬ್ಬಿ ಹುಡುಕಲು ಫೋನ್ ಸಾಕಾ, ಜಿಪಿಎಸ್ ಬೇಕಾ? ನನ್ನ ಅನುಭವ

ಜಿಯೋಕ್ಯಾಶಿಂಗ್ ಶುರು ಮಾಡಬೇಕು ಅಂದವರೆಲ್ಲ ಮೊದಲು ಕೇಳುವುದು ಇದನ್ನೇ. ಇದಕ್ಕೆ ಅಂತಲೇ ಬೇರೆ ಜಿಪಿಎಸ್ ಕೊಳ್ಳಬೇಕಾ, ಕೈಯಲ್ಲಿರುವ ಫೋನ್ ಸಾಲದಾ? ಶುರುವಿಗೆ ಫೋನ್ ಧಾರಾಳವಾಗಿ ಸಾಕು. ನಾನೂ ಫೋನ್ ಹಿಡಿದೇ ಕಲಿತದ್ದು. ಆಮೇಲೆ ಒಂದು ಹ್ಯಾಂಡ್‌ಹೆಲ್ಡ್ ಜಿಪಿಎಸ್, ಅಂದರೆ ಕೈಯಲ್ಲಿ ಹಿಡಿದು ನಡೆಯುವ ಉಪಕರಣ, ತೆಗೆದುಕೊಂಡೆ. ಈಗ ಎರಡೂ ಚೀಲದಲ್ಲಿರುತ್ತವೆ. ಆದರೆ ಅದನ್ನು ಕೊಂಡದ್ದು ಫೋನಿಗಿಂತ ಕರಾರುವಾಕ್ಕು ಎಂಬ ಕಾರಣಕ್ಕಲ್ಲ. ಫೋನನ್ನು ಉಳಿಸಿಕೊಳ್ಳಲು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಒಬ್ಬರು ‘ಕ್ಯಾಶ್’ ಎನ್ನುವ, ನೀರು ಹೋಗದ ಡಬ್ಬಿಯೊಂದನ್ನು ಎಲ್ಲೋ ಬಚ್ಚಿಟ್ಟು ಅದರ ಅಕ್ಷಾಂಶ ರೇಖಾಂಶವನ್ನು ಪ್ರಕಟಿಸುತ್ತಾರೆ. ಉಳಿದವರು ಹುಡುಕಿ, ಒಳಗಿರುವ ಲಾಗ್‌ಬುಕ್ಕಿನಲ್ಲಿ ಹೆಸರು ಬರೆದು, ಇದ್ದಲ್ಲೇ ಇಟ್ಟು ಬರುತ್ತಾರೆ. 2000ನೇ ಇಸವಿಯ ಮೇ ತಿಂಗಳಿಗೆ ಮುಂಚೆ ಈ ಆಟ ಸಾಧ್ಯವೇ ಇರಲಿಲ್ಲ. ಅಮೆರಿಕ ಸರ್ಕಾರ ಜನಸಾಮಾನ್ಯರಿಗೆ ಸಿಗುವ ಜಿಪಿಎಸ್ ಸಿಗ್ನಲ್ಲನ್ನು ಬೇಕಂತಲೇ ಕೆಡಿಸಿ ಕಳಿಸುತ್ತಿತ್ತು. ನೂರು ಮೀಟರ್ ಆಚೀಚೆ ಆಗುವುದು ಮಾಮೂಲಾಗಿತ್ತು. ಮೇ 2ರಂದು ಅದನ್ನು ನಿಲ್ಲಿಸಿದರು. ಮರುದಿನವೇ ಡೇವ್ ಅಲ್ಮರ್ ಎಂಬವರು ಆರೆಗಾನ್‌ನ ಕಾಡಿನಲ್ಲಿ ಒಂದು ಬಕೆಟ್ ಇಟ್ಟು ಜಾಗದ ಅಂಕಿಗಳನ್ನು ಇಂಟರ್‌ನೆಟ್ಟಿಗೆ ಹಾಕಿದರು. ಈಗ ಪ್ರಪಂಚದಲ್ಲಿ ಇಂಥ ಡಬ್ಬಿಗಳು 30 ಲಕ್ಷಕ್ಕೂ ಜಾಸ್ತಿ ಇವೆ.

ನೂರು ಮೀಟರ್ ಇದ್ದದ್ದು ಈಗ ಎಷ್ಟಕ್ಕೆ ಬಂದಿದೆ? ತೆರೆದ ಆಕಾಶದ ಕೆಳಗೆ ಸಾಮಾನ್ಯ ಫೋನ್ ಸುಮಾರು 5 ಮೀಟರ್ ಒಳಗೆ ಜಾಗ ತೋರಿಸುತ್ತದೆ. ಒಳ್ಳೆಯ ಹ್ಯಾಂಡ್‌ಹೆಲ್ಡ್ ಮೂರು ಮೀಟರಿಗೆ ಇಳಿಯಬಹುದು. ಜಾಹೀರಾತುಗಳಲ್ಲಿ ಈ ಎರಡು ಮೀಟರಿನದ್ದೇ ದೊಡ್ಡ ಸುದ್ದಿ. ಆದರೆ ಡಬ್ಬಿ ಇಟ್ಟವರ ಕೈಯಲ್ಲೂ ಇಂಥದೇ ಒಂದು ಉಪಕರಣ ಇತ್ತು, ಅದರಲ್ಲೂ ಹೆಚ್ಚುಕಮ್ಮಿ ಇತ್ತು ಅಲ್ವಾ? ಅವರ ತಪ್ಪು, ನಿಮ್ಮ ತಪ್ಪು ಎರಡೂ ಸೇರಿದರೆ ಹತ್ತು ಮೀಟರಿನ ಒಂದು ವೃತ್ತ ಉಳಿಯುತ್ತದೆ. ಎಷ್ಟೇ ದುಬಾರಿಯದನ್ನು ಕೊಂಡರೂ ಆ ವೃತ್ತದೊಳಗೆ ಕಣ್ಣಿನಿಂದಲೇ ಹುಡುಕಬೇಕು. ಹಾಗಾಗಿ ಬರೀ ನಿಖರತೆಯ ಅಂಕಿ ನೋಡಿ ದುಡ್ಡು ಹಾಕಬೇಡಿ ಅಂತ ನಾನು ಹೇಳುವುದು.

ಒಂದು ವಿಷಯದಲ್ಲಿ ಮಾತ್ರ ಹೊಸ ಉಪಕರಣಗಳು ನಿಜಕ್ಕೂ ಮೇಲು. ಬಂಡೆಗೋಡೆ, ಎತ್ತರದ ಕಟ್ಟಡ, ದಟ್ಟ ಮರಗಳ ನಡುವೆ ಸಿಗ್ನಲ್ ನೇರವಾಗಿ ಬರುವುದಿಲ್ಲ. ಗೋಡೆಗೆ ಬಡಿದು, ಸುತ್ತಿ ಬರುತ್ತದೆ. ಸುತ್ತಿ ಬಂದ ಸಿಗ್ನಲ್ ತಡವಾಗಿ ಮುಟ್ಟುವುದರಿಂದ ಉಪಗ್ರಹ ಇನ್ನೂ ದೂರದಲ್ಲಿದೆ ಎಂದು ಉಪಕರಣ ಲೆಕ್ಕ ಹಾಕುತ್ತದೆ, ನಿಮ್ಮ ಗುರುತು ಪಕ್ಕಕ್ಕೆ ಜಾರುತ್ತದೆ. ಉಪಗ್ರಹ ಕಳಿಸುವ ಎಲ್1 ಎಂಬ ಮಾಮೂಲಿ ತರಂಗದ ಜೊತೆಗೆ ಎಲ್5 ಎಂಬ ಎರಡನೇ ತರಂಗವನ್ನೂ ಕೇಳುವ ಉಪಕರಣಕ್ಕೆ ನೇರ ಸಿಗ್ನಲ್ ಯಾವುದು, ಬಡಿದು ಬಂದದ್ದು ಯಾವುದು ಎಂದು ಬೇರ್ಪಡಿಸುವುದು ಸುಲಭ. ಹ್ಯಾಂಡ್‌ಹೆಲ್ಡ್ ಮಾಡುವ ಗಾರ್ಮಿನ್ ಕಂಪನಿಯ ಜಿಪಿಎಸ್‌ಮ್ಯಾಪ್ 65ಎಸ್‌ನಂಥ ಮಾಡೆಲ್‌ಗಳಲ್ಲಿ ಇದು ಇದೆ. ಫೋನುಗಳಲ್ಲೂ 2018ರಿಂದ ಬರುತ್ತಿದೆ, ಮೊದಲು ಬಂದದ್ದು ಶಿಯೋಮಿ ಮಿ 8ರಲ್ಲಿ. ನಿಮ್ಮ ಆಂಡ್ರಾಯ್ಡ್ ಫೋನಿನಲ್ಲಿ ಇದೆಯೋ ಇಲ್ಲವೋ ತಿಳಿಯಲು ‘ಜಿಪಿಎಸ್‌ಟೆಸ್ಟ್’ ಎಂಬ ಉಚಿತ ಆ್ಯಪ್ ಹಾಕಿ ಬಯಲಿಗೆ ಬನ್ನಿ. ಉಪಗ್ರಹಗಳ ಪಟ್ಟಿಯಲ್ಲಿ ಎಲ್5 ಅಂತ ಕಂಡರೆ ಇದೆ ಎಂದೇ ಲೆಕ್ಕ. ಇದ್ದರೆ, ನಿಖರತೆಗೆ ಅಂತ ಬೇರೆ ಉಪಕರಣ ಕೊಳ್ಳುವ ಅಗತ್ಯ ಇನ್ನೂ ಕಮ್ಮಿ.

ಇನ್ನು ನೆಟ್‌ವರ್ಕ್ ವಿಷಯ. ಮೊಬೈಲ್ ಸಿಗ್ನಲ್ ಹೋದರೆ ಜಿಪಿಎಸ್ಸೂ ಹೋಯಿತು ಎಂದುಕೊಂಡವರು ತುಂಬ ಜನ. ಹಾಗೇನಿಲ್ಲ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಿಂದ ಸಿಗ್ನಲ್ ಕಳಿಸುತ್ತಲೇ ಇರುತ್ತವೆ, ನಿಮ್ಮ ಫೋನ್ ಸುಮ್ನೆ ಕೇಳಿಸಿಕೊಳ್ಳುತ್ತದೆ ಅಷ್ಟೆ. ಡೇಟಾ ಬೇಕಾಗುವುದು ಮ್ಯಾಪ್ ಇಳಿಸಲು, ಕ್ಯಾಶ್‌ನ ವಿವರ ತರಲು. ಇನ್ನೊಂದು ಉಪಕಾರವೂ ಇದೆ. ಯಾವ ಉಪಗ್ರಹ ಈಗ ಎಲ್ಲಿದೆ ಎಂಬ ಮಾಹಿತಿಯನ್ನು ಫೋನ್ ಇಂಟರ್‌ನೆಟ್ಟಿನಿಂದಲೇ ತಟ್ಟನೆ ಪಡೆಯುತ್ತದೆ. ನೆಟ್ ಇಲ್ಲದಿದ್ದರೆ ಅದನ್ನು ಉಪಗ್ರಹದಿಂದಲೇ ಕೇಳಿಸಿಕೊಳ್ಳಬೇಕು. ಒಂದೊಂದರದ್ದಕ್ಕೂ ಅರ್ಧ ನಿಮಿಷ ತಡೆಯಿಲ್ಲದ ಸಿಗ್ನಲ್ ಬೇಕು. ಮರದಡಿ ನಡೆಯುತ್ತಿದ್ದರೆ ಅದು ಮಧ್ಯೆ ಮಧ್ಯೆ ಕಡಿಯುತ್ತದೆ. ಅದಕ್ಕೇ ನಾನು ನೆಟ್‌ವರ್ಕ್ ಇರುವಾಗಲೇ ಆ್ಯಪ್ ತೆರೆದು, ಜಾಗ ಸರಿಯಾಗಿ ತೋರಿಸುತ್ತಿದೆಯಾ ನೋಡಿಕೊಂಡೇ ಕಾಡಿಗೆ ಕಾಲಿಡುವುದು.

ಆ್ಯಪ್ ಆಯ್ಕೆಗೆ ನನ್ನದೊಂದು ಪರೀಕ್ಷೆ ಇದೆ. ಮನೆಯಲ್ಲಿ ಕೂತು ಮರುದಿನ ಹೋಗುವ ಕ್ಯಾಶ್‌ಗಳನ್ನೆಲ್ಲ ಇಳಿಸಿಕೊಳ್ಳುತ್ತೇನೆ. ಆಮೇಲೆ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ ಒಂದೊಂದನ್ನೇ ತೆರೆಯುತ್ತೇನೆ. ವಿವರ ಬರುತ್ತದೆಯಾ? ಸುಳಿವು ತೆರೆಯುತ್ತದೆಯಾ? ಹಿಂದೆ ಹುಡುಕಿದವರು ಆ್ಯಪಿನಲ್ಲಿ ಬರೆದ ಲಾಗ್‌ಗಳು? ಫೋಟೋಗಳು? ಮ್ಯಾಪ್ ದೊಡ್ಡದು ಮಾಡಿದರೂ ಕಾಲುದಾರಿ ಕಾಣುತ್ತದೆಯಾ, ಬೂದು ಚೌಕ ಬರುತ್ತದೆಯಾ? ಈ ಪರೀಕ್ಷೆಯಲ್ಲಿ ಪಾಸಾಗದ ಆ್ಯಪ್ ಎಷ್ಟೇ ಚೆಂದ ಕಂಡರೂ ನನಗೆ ಬೇಡ. ಪ್ರತಿ ಸಲ ಹೊರಡುವ ಮುಂಚೆಯೂ ಇದನ್ನು ಮಾಡುತ್ತೇನೆ. ಅಪ್‌ಡೇಟ್ ಬಂದಾಗ ಸೆಟ್ಟಿಂಗ್ ಬದಲಾಗಿರುವುದುಂಟು.

ಕ್ಯಾಶ್‌ಗಳ ಪಟ್ಟಿ ಇರುವ ವೆಬ್‌ಸೈಟ್ ಜಿಯೋಕ್ಯಾಶಿಂಗ್ ಡಾಟ್ ಕಾಮ್‌ನವರದೇ ಅಧಿಕೃತ ಆ್ಯಪ್ ಹೊಸಬರಿಗೆ ಸರಿ. ಆಂಡ್ರಾಯ್ಡ್, ಐಫೋನ್ ಎರಡರಲ್ಲೂ ಸಿಗುತ್ತದೆ. ತೆರೆದ ಕೂಡಲೇ ಸುತ್ತಮುತ್ತ ಇರುವುದೆಲ್ಲ ಮ್ಯಾಪಿನಲ್ಲಿ ಕಾಣುತ್ತದೆ. ಆದರೆ ಉಚಿತ ಖಾತೆಯಲ್ಲಿ ಎಲ್ಲ ಕ್ಯಾಶ್‌ಗಳೂ ಸಿಗುವುದಿಲ್ಲ, ಆಫ್‌ಲೈನ್ ಪಟ್ಟಿ ಇಳಿಸಲು ಹಣ ಕೊಡುವ ಪ್ರೀಮಿಯಂ ಖಾತೆ ಬೇಕು. ಆಂಡ್ರಾಯ್ಡ್‌ನಲ್ಲಿ ನನ್ನ ನೆಚ್ಚಿನದು ಸಿಜಿಯೋ. ಉಚಿತ, ಓಪನ್ ಸೋರ್ಸ್, ಆಸಕ್ತರೇ ಸೇರಿ ಮಾಡಿದ್ದು. ಓಪನ್‌ಸ್ಟ್ರೀಟ್‌ಮ್ಯಾಪ್‌ನ ಮ್ಯಾಪುಗಳನ್ನು ಪೂರ್ತಿ ಇಳಿಸಿಟ್ಟುಕೊಳ್ಳಬಹುದು, ಕ್ಯಾಶ್‌ಗಳನ್ನು ಬೇರೆ ಬೇರೆ ಪಟ್ಟಿಗಳಾಗಿ ಉಳಿಸಬಹುದು. ಮೊದಲ ನೋಟಕ್ಕೆ ಮೆನುಗಳ ರಾಶಿ ಕಂಡು ಗಾಬರಿಯಾಗುತ್ತದೆ ನಿಜ. ಐಫೋನ್ ಇರುವ ನನ್ನ ಗೆಳೆಯರೆಲ್ಲ ಹಣ ಕೊಟ್ಟು ಕ್ಯಾಶ್ಲಿ ಎಂಬ ಆ್ಯಪ್ ಹಾಕಿಕೊಂಡಿದ್ದಾರೆ. ಆಫ್‌ಲೈನ್ ಕೆಲಸಕ್ಕೆ ಅದೂ ಚೆನ್ನಾಗಿದೆ.

ಯಾವ ಆ್ಯಪ್ ಆದರೂ ‘ಹತ್ತಿರದ ಕ್ಯಾಶ್’ ಎಂದು ತೋರಿಸುವುದನ್ನು ಹಾಗೇ ನಂಬಬೇಡಿ. ಅದು ಗೆರೆ ಎಳೆದಂತೆ ನೇರ ದೂರ. ಪಟ್ಟಿಯಲ್ಲಿ 400 ಮೀಟರ್ ಅಂತ ಮೊದಲಿಗೇ ನಿಂತಿರುವ ಡಬ್ಬಿ ಹೊಳೆಯ ಆಚೆ ದಡದಲ್ಲಿರಬಹುದು, ಸೇತುವೆ ಇನ್ನೆಲ್ಲೋ ಇರಬಹುದು. ಅಥವಾ ನೀವು ನಿಂತಿರುವ ಬಂಡೆಯ ನೇರ ಕೆಳಗಿರಬಹುದು. ನಾನು ಪಟ್ಟಿ ನೋಡುವುದೇ ಕಮ್ಮಿ, ಮ್ಯಾಪ್ ನೋಡುತ್ತೇನೆ. ಎಷ್ಟೋ ಕ್ಯಾಶ್‌ಗಳ ಜೊತೆ ಗಾಡಿ ನಿಲ್ಲಿಸುವ ಜಾಗ, ಕಾಲುದಾರಿ ಶುರುವಾಗುವ ಜಾಗ ಅಂತ ಬೇರೆ ಗುರುತುಗಳೂ ಇರುತ್ತವೆ. ಅವನ್ನು ಮ್ಯಾಪಿನ ಮೇಲೆ ತೋರಿಸುವ ಆ್ಯಪ್ ಬೇಕು. ಜೊತೆಗೆ ಎರಡು ಫಿಲ್ಟರ್ ಬೇಕೇ ಬೇಕು. ಒಂದು, ಹುಡುಕುವ ಕಷ್ಟ ಮತ್ತು ಅಲ್ಲಿಗೆ ತಲುಪುವ ನೆಲದ ಅಂಕ. ಎರಡಕ್ಕೂ 1ರಿಂದ 5ರವರೆಗೆ ಅಂಕ ಕೊಟ್ಟಿರುತ್ತಾರೆ. ನೆಲ 5 ಅಂದರೆ ಹಗ್ಗವೋ ದೋಣಿಯೋ ಬೇಕಾಗುವ ಜಾಗ. ಇನ್ನೊಂದು, ಕೊನೆಯ ಸಲ ಯಾವಾಗ ಸಿಕ್ಕಿತು ಎಂಬ ದಿನಾಂಕ. ಕೊನೆಯ ನಾಲ್ಕು ಲಾಗ್‌ಗಳೂ ‘ಸಿಗಲಿಲ್ಲ’ ಎಂದೇ ಇದ್ದರೆ ಡಬ್ಬಿ ಕಳೆದುಹೋಗಿರುವ ಸಾಧ್ಯತೆಯೇ ಜಾಸ್ತಿ. ಹೊಸಬರಂತೂ ಅಂಥವನ್ನು ಬಿಟ್ಟುಬಿಡಿ.

ಇಷ್ಟೆಲ್ಲ ಫೋನಿನಲ್ಲೇ ಆಗುವಾಗ ನಾನು ಹ್ಯಾಂಡ್‌ಹೆಲ್ಡ್ ಕೊಂಡದ್ದೇಕೆ? ಬ್ಯಾಟರಿ. ದಿನವಿಡೀ ಸುತ್ತುವಾಗ ಪರದೆ ಬೆಳಗುತ್ತಲೇ ಇರಬೇಕು, ಬಿಸಿಲಿಗೆ ಬ್ರೈಟ್‌ನೆಸ್ ಪೂರ್ತಿ ಏರಿಸಬೇಕು, ಜೊತೆಗೆ ಸಿಗ್ನಲ್ ಸಿಗದ ಕಡೆ ಫೋನ್ ಟವರ್ ಹುಡುಕುತ್ತಾ ಇನ್ನಷ್ಟು ಚಾರ್ಜ್ ತಿನ್ನುತ್ತದೆ. ಸಂಜೆ ದಾರಿ ತಪ್ಪಿದರೆ, ಯಾರಾದರೂ ಕಾಲು ಉಳುಕಿಸಿಕೊಂಡರೆ, ಕರೆ ಮಾಡಲು, ಟಾರ್ಚ್ ಹಾಕಲು ಇರುವುದು ಅದೇ ಫೋನ್. ಆಟಕ್ಕೆ ಅದನ್ನು ಖಾಲಿ ಮಾಡುವುದು ನನಗೆ ಸರಿ ಕಾಣಲಿಲ್ಲ. ಪವರ್ ಬ್ಯಾಂಕ್ ಒಂದು ಉಪಾಯ ಹೌದು. ಮಳೆಯಲ್ಲಿ ಕೇಬಲ್ ನೇತುಹಾಕಿಕೊಂಡು ನಡೆದು ನೋಡಿ, ಗೊತ್ತಾಗುತ್ತದೆ.

ನಾನು ತೆಗೆದುಕೊಂಡದ್ದು ಗಾರ್ಮಿನ್ ಇಟ್ರೆಕ್ಸ್ 32ಎಕ್ಸ್. ಎರಡು ಎಎ ಸೆಲ್‌ಗೆ ಸುಮಾರು 25 ಗಂಟೆ ನಡೆಯುತ್ತದೆ ಎಂದು ಕಂಪನಿ ಹೇಳುತ್ತದೆ. ಮುಗಿದರೆ ಬೇರೆ ಎರಡು ಹಾಕಿದರಾಯಿತು, ಚಾರ್ಜ್ ಆಗಲಿ ಎಂದು ಕಾಯುವ ಗೋಜಿಲ್ಲ. ನಾನು ರೀಚಾರ್ಜ್ ಮಾಡುವ ಸೆಲ್ ಬಳಸುತ್ತೇನೆ. ಸೆಟ್ಟಿಂಗಿನಲ್ಲಿ ಸೆಲ್ಲಿನ ಬಗೆಯನ್ನೂ ಬದಲಾಯಿಸಬೇಕು, ಇಲ್ಲದಿದ್ದರೆ ಎಷ್ಟು ಉಳಿದಿದೆ ಎಂದು ತಪ್ಪಾಗಿ ತೋರಿಸುತ್ತದೆ. ಪರದೆ ಬರೀ 2.2 ಇಂಚು. ಫೋನ್ ನೋಡಿದ ಕಣ್ಣಿಗೆ ಆಟಿಕೆಯಂತೆ ಕಾಣುತ್ತದೆ. ಆದರೆ ಅದರ ಪರದೆ ಬಿಸಿಲನ್ನೇ ಹಿಂದಕ್ಕೆ ಚಿಮ್ಮಿಸಿ ಬೆಳಗುವಂಥದ್ದು. ಫೋನ್ ಕಪ್ಪು ಕನ್ನಡಿಯಾಗುವ ಉರಿಬಿಸಿಲಿನಲ್ಲೇ ಇದು ಚೆನ್ನಾಗಿ ಕಾಣುವುದು. ಮುಟ್ಟುವ ಪರದೆ ಅಲ್ಲದ ಕಾರಣ ಒದ್ದೆ ಕೈಯಲ್ಲೂ, ಕೈಗವಸು ಹಾಕಿಯೂ ಬಟನ್ ಒತ್ತಬಹುದು. ಐಪಿಎಕ್ಸ್7 ಅಂತ ಬರೆದಿದೆ, ಅಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯಬೇಕು.

22ಎಕ್ಸ್ ಎಂಬ ಅದರ ತಮ್ಮ ಇನ್ನೂ ಅಗ್ಗ. ನಾನು ಅದನ್ನು ಬಿಟ್ಟದ್ದು ದಿಕ್ಸೂಚಿಗಾಗಿ. 32ಎಕ್ಸ್‌ನಲ್ಲಿ ಎಲೆಕ್ಟ್ರಾನಿಕ್ ದಿಕ್ಸೂಚಿ ಇದೆ, 22ಎಕ್ಸ್‌ನಲ್ಲಿ ಇಲ್ಲ. ಅದಿಲ್ಲದ ಉಪಕರಣಕ್ಕೆ ನೀವು ನಡೆಯುತ್ತಿದ್ದರೆ ಮಾತ್ರ ದಿಕ್ಕು ತಿಳಿಯುತ್ತದೆ. ನಿಂತರೆ ಬಾಣ ಎಲ್ಲೆಲ್ಲಿಗೋ ತಿರುಗುತ್ತದೆ. ಡಬ್ಬಿಯ ಹತ್ತಿರ ಬಂದಾಗ ನಾವು ಮಾಡುವುದೇ ನಿಂತು ನೋಡುವ ಕೆಲಸ ಅಲ್ವಾ? ದುಡ್ಡು ಕೊಡುವುದಾದರೆ ಇದಕ್ಕೆ ಕೊಡಿ. ಫೋನಿನ ದಿಕ್ಸೂಚಿಯದ್ದು ಬೇರೆ ಕಥೆ. ಅಯಸ್ಕಾಂತದ ಮುಚ್ಚಳ ಇರುವ ಕವರ್ ಹಾಕಿದ್ದರೆ ಉತ್ತರ ದಿಕ್ಕೇ ಬದಲಾಗಿಬಿಡುತ್ತದೆ. ಕವರ್ ತೆಗೆದು, ಫೋನನ್ನು ಗಾಳಿಯಲ್ಲಿ ಎಂಟರ ಆಕಾರದಲ್ಲಿ ಆಡಿಸಿದರೆ ಸರಿಹೋಗುತ್ತದೆ.

ಹ್ಯಾಂಡ್‌ಹೆಲ್ಡ್‌ಗೆ ಕ್ಯಾಶ್‌ಗಳನ್ನು ತುಂಬುವುದು ಸ್ವಲ್ಪ ಹಳೇ ಕಾಲದ ಕೆಲಸ. ಪ್ರೀಮಿಯಂ ಖಾತೆಯಲ್ಲಿ ‘ಪಾಕೆಟ್ ಕ್ವೆರಿ’ ಮಾಡಿದರೆ ಒಂದು ಪ್ರದೇಶದ 1,000 ಕ್ಯಾಶ್‌ಗಳವರೆಗೆ ಒಟ್ಟಿಗೇ ಜಿಪಿಎಕ್ಸ್ ಎಂಬ ಬಗೆಯ, ಜಿಪಿಎಸ್ ಉಪಕರಣ ಓದಬಲ್ಲ ಫೈಲಾಗಿ ಸಿಗುತ್ತವೆ. ಕೇಬಲ್ ಹಾಕಿ ಅದನ್ನು ಉಪಕರಣದ ಜಿಪಿಎಕ್ಸ್ ಫೋಲ್ಡರಿಗೆ ಕಾಪಿ ಮಾಡುತ್ತೇನೆ. ವಿವರ, ಸುಳಿವು, ಇತ್ತೀಚಿನ ಲಾಗ್ ಎಲ್ಲ ಅದರಲ್ಲೇ ಬರುತ್ತದೆ. ಇಟ್ರೆಕ್ಸ್ ಎಸ್‌ಇಯಂಥ ಹೊಸ ಮಾಡೆಲ್‌ಗಳು ಬ್ಲೂಟೂತ್‌ನಲ್ಲಿ ಫೋನಿನ ಮೂಲಕವೇ ಇಳಿಸಿಕೊಳ್ಳುತ್ತವೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಸೆಲ್ ಇಡುವ ಜಾಗದಲ್ಲಿ ಹಸಿರು ಕಿಲುಬು ಹಿಡಿದಿದೆಯಾ, ಯುಎಸ್‌ಬಿ ಕಿಂಡಿಯ ರಬ್ಬರ್ ಮುಚ್ಚಳ ಗಟ್ಟಿ ಕೂರುತ್ತದೆಯಾ ನೋಡಿ. ಅದು ಸಡಿಲವಾಗಿದ್ದರೆ ಐಪಿಎಕ್ಸ್7 ಬರೀ ಕಾಗದದ ಮೇಲೆ. ಕಾರಿನ ನ್ಯಾವಿಗೇಷನ್ ಉಪಕರಣವನ್ನಂತೂ ಇದಕ್ಕೆ ತರಬೇಡಿ. ನೀವು ಪೊದೆಯಲ್ಲಿದ್ದರೂ ಅದು ನಿಮ್ಮನ್ನು ರಸ್ತೆ ಮೇಲೆಯೇ ಕೂರಿಸುತ್ತದೆ.

ಯಾವ ಉಪಕರಣ ಕೊಂಡರೂ ಮೊದಲು ಅಂಕಿಗಳ ಬರಹವನ್ನು ನೋಡಿಕೊಳ್ಳಿ. ಕ್ಯಾಶ್‌ಗಳ ಜಾಗವನ್ನು ಡಿಗ್ರಿ ಮತ್ತು ದಶಮಾಂಶ ನಿಮಿಷಗಳಲ್ಲಿ ಬರೆಯುತ್ತಾರೆ, ಮೂರು ದಶಮಾಂಶ ಸ್ಥಾನಗಳವರೆಗೆ. ಅಕ್ಷಾಂಶದಲ್ಲಿ ಆ ಕೊನೆಯ ಅಂಕಿ ಒಂದು ಬದಲಾದರೆ 1.85 ಮೀಟರ್ ವ್ಯತ್ಯಾಸ. 30.500 ನಿಮಿಷ ಎಂದರೆ 30 ನಿಮಿಷ 30 ಸೆಕೆಂಡ್. ಅದನ್ನು 30 ನಿಮಿಷ 50 ಸೆಕೆಂಡ್ ಎಂದು ಹಾಕಿದರೆ ಆರುನೂರು ಮೀಟರ್ ಆಚೆ ಹೋಗಿ ನಿಲ್ಲುತ್ತೀರಿ. ಸೆಟ್ಟಿಂಗಿನಲ್ಲಿ ಮ್ಯಾಪ್ ಡೇಟಮ್, ಅಂದರೆ ಅಂಕಿಗಳನ್ನು ಭೂಮಿಗೆ ಹೊಂದಿಸುವ ಮಾದರಿ, ಡಬ್ಲ್ಯುಜಿಎಸ್84 ಇರಬೇಕು. ಸಾಮಾನ್ಯವಾಗಿ ಅದೇ ಇರುತ್ತದೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಮಾತ್ರ ಹಿಂದಿನವರು ಬದಲಾಯಿಸಿರಬಹುದು.

ಕೊನೆಯ ಮೂವತ್ತು ಮೀಟರಿನಲ್ಲಿ ನಾನು ನಿಧಾನವಾಗುತ್ತೇನೆ. ಉಪಕರಣವನ್ನು ಅಂಗೈ ಮೇಲೆ ಸಮತಟ್ಟಾಗಿ ಹಿಡಿದು ನಿಂತು, ಬಾಣ ತೋರುವ ಗೆರೆಯಲ್ಲಿ ಒಂದು ಮರವನ್ನೋ ಕಲ್ಲನ್ನೋ ಗುರುತು ಮಾಡಿಕೊಳ್ಳುತ್ತೇನೆ. ಆಮೇಲೆ ಸುತ್ತು ಹಾಕಿ ಪಕ್ಕದಿಂದ ಬಂದು ಇನ್ನೊಂದು ಗೆರೆ ನೋಡುತ್ತೇನೆ. ಎರಡು ಗೆರೆ ಎಲ್ಲಿ ಕೂಡುತ್ತವೋ ಅಲ್ಲಿಂದ ಹುಡುಕಾಟ. ಐದು ಮೀಟರ್ ಅಂತ ತೋರಿಸಿದ ಮೇಲೆ ಬಾಣವನ್ನು ಹಿಂಬಾಲಿಸಬಾರದು. ತಪ್ಪಿನ ಅಳತೆಯೂ ಅಷ್ಟೇ ಇರುವುದರಿಂದ ಅದು ನಿಮ್ಮನ್ನು ಸುತ್ತಿಸುತ್ತಲೇ ಇರುತ್ತದೆ. ಉಪಕರಣ ಜೇಬಿಗಿಟ್ಟು, ಕ್ಯಾಶ್‌ನ ಅಳತೆ ಏನಿತ್ತು ನೆನಪಿಸಿಕೊಳ್ಳಿ. ಮೈಕ್ರೋ ಅಂದರೆ ಫಿಲ್ಮ್ ಡಬ್ಬಿಯಷ್ಟು ಇರಬಹುದು, ಇನ್ನೂ ಚಿಕ್ಕದೂ ಇರಬಹುದು. ಬೇಲಿ ಕಂಬದ ಟೊಳ್ಳು, ಬೆಂಚಿನ ಅಡಿ, ಯಾರೋ ಜೋಡಿಸಿಟ್ಟಂತೆ ಕಾಣುವ ಕಲ್ಲು, ಇವನ್ನು ಮೊದಲು ನೋಡಿ. ಏನೂ ಕಾಣದಿದ್ದರೆ ಆಗ ಸುಳಿವು ತೆರೆಯಿರಿ.

ಮುಂದೆ ನೀವೇ ಡಬ್ಬಿ ಇಡಬೇಕು ಅಂತಿದ್ದರೆ ಹ್ಯಾಂಡ್‌ಹೆಲ್ಡ್ ಇನ್ನೊಂದು ಕೆಲಸಕ್ಕೆ ಬರುತ್ತದೆ. ಅದರಲ್ಲಿ ಸರಾಸರಿ ತೆಗೆಯುವ ಸೌಲಭ್ಯ ಇರುತ್ತದೆ. ಒಂದೇ ಜಾಗವನ್ನು ಬೇರೆ ಬೇರೆ ಹೊತ್ತಿನಲ್ಲಿ ಅಳೆದರೆ ಉಪಗ್ರಹಗಳ ಜೋಡಣೆ ಬದಲಾಗಿರುತ್ತದೆ, ತಪ್ಪುಗಳು ಒಂದನ್ನೊಂದು ಕಳೆಯುತ್ತವೆ. ನಾನು ಒಂದೂವರೆ ಗಂಟೆಯಾದರೂ ಬಿಟ್ಟು ಮತ್ತೆ ಅಳೆಯುತ್ತೇನೆ, ಸಾಧ್ಯವಾದರೆ ಇನ್ನೊಂದು ದಿನ. ಇಡುವ ಮುಂಚೆ ಪಕ್ಕದ ಕ್ಯಾಶ್ ಎಷ್ಟು ದೂರ ಇದೆ ಎಂದೂ ಅಳೆದುಕೊಳ್ಳಿ. 161 ಮೀಟರಿಗಿಂತ ಹತ್ತಿರವಿದ್ದರೆ ಜಿಯೋಕ್ಯಾಶಿಂಗ್ ಡಾಟ್ ಕಾಮ್‌ನವರು ಒಪ್ಪುವುದಿಲ್ಲ. ಒಗಟಿನ ಕ್ಯಾಶ್‌ನ, ಅಂದರೆ ಒಗಟು ಬಿಡಿಸಿದರಷ್ಟೇ ಜಾಗ ತಿಳಿಯುವ ಡಬ್ಬಿಯ, ನಿಜವಾದ ಜಾಗ ಮ್ಯಾಪಿನಲ್ಲಿ ಕಾಣಿಸುವುದಿಲ್ಲವಾದ್ದರಿಂದ, ಖಾಲಿ ಕಂಡ ಜಾಗವೂ ಆಗಲೇ ಯಾರದ್ದೋ ಆಗಿರಬಹುದು. ಅಂಥ ಕಡೆ ಡಬ್ಬಿ ಇಟ್ಟು ಬರುವ ಮೊದಲು ಜಾಗದ ಅಂಕಿಗಳನ್ನು ಹೊಸ ಕ್ಯಾಶ್‌ಗಳನ್ನು ನೋಡಿ ಒಪ್ಪುವ ಪರಿಶೀಲಕರಿಗೆ ಕಳಿಸಿ ಕೇಳಿದರೆ, ಇನ್ನೊಮ್ಮೆ ಹೋಗಿ ಎತ್ತಿಕೊಂಡು ಬರುವುದು ತಪ್ಪುತ್ತದೆ.