ಗಾಜಿಗೆ ಮೂತಿ ಉಜ್ಜುವ ಪಫರ್: ನನ್ನ ಅನುಭವ

ಮನೆಗೆ ಬಂದ ಮಕ್ಕಳು ಮೊದಲು ಕೇಳುವುದೇ "ಇದನ್ನ ಉಬ್ಬಿಸಿ ತೋರಿಸಿ" ಅಂತ. ನಾನು ಒಪ್ಪುವುದಿಲ್ಲ. ಪಫರ್ ಅನ್ನುವ ಈ ಮೀನು ಚೆಂಡಿನಂತೆ ಉಬ್ಬುವುದು ಜೀವಭಯಕ್ಕೆ, ಆಟಕ್ಕಲ್ಲ. ಅಷ್ಟು ದೂರ ಹೋಗುವ ಮುಂಚೆಯೇ ಅದು ತನ್ನ ಕಷ್ಟವನ್ನು ಬೇರೆ ಬೇರೆ ರೀತಿಯಲ್ಲಿ ತೋರಿಸಿರುತ್ತದೆ.

ನಾನು ಸಾಕಿರುವುದು ಬಟಾಣಿ ಪಫರ್. ಬೆಳೆದರೂ 3 ಸೆಂ.ಮೀ. ಆಸುಪಾಸು. ಕೇರಳ ಮತ್ತು ದಕ್ಷಿಣ ಕರ್ನಾಟಕದ ಹೊಳೆಗಳ ಮೀನು ಇದು, ನಮ್ಮ ಕಡೆಯದೇ. 1941ರಲ್ಲಿ ವಿಜ್ಞಾನಿಗಳಾದ ಹೋರಾ ಮತ್ತು ನಾಯರ್ ಇದನ್ನು ಗುರುತಿಸಿ ಹೆಸರಿಟ್ಟರು. ಪಫರ್ ಅಂದ ಕೂಡಲೇ ಕಡಲ ಮೀನು ಅಂದುಕೊಂಡು ಕೆಲವರು ಟ್ಯಾಂಕಿಗೆ ಉಪ್ಪು ಸುರಿಯುತ್ತಾರೆ. ಇದು ಸಿಹಿನೀರಿನ ಮೀನು, ಉಪ್ಪು ಬೇಡ.

ಗಾಜಿಗೆ ಮೂತಿ ಒತ್ತಿಕೊಂಡು ಮೇಲೆ ಕೆಳಗೆ ಈಜುವುದು ಎಲ್ಲರ ಕಣ್ಣಿಗೂ ಬೀಳುತ್ತದೆ. ಹೊಸದಾಗಿ ತಂದಾಗ ಇದು ಮಾಮೂಲಿ. ದಿನಾ ಅದೇ ಮೂಲೆಯಲ್ಲಿ ಅದನ್ನೇ ಮಾಡುತ್ತಿದ್ದರೆ ಏನೋ ಸರಿಯಿಲ್ಲ. ಹಗಲಲ್ಲೂ ಬಾಲ ಸುರುಳಿ ಮಾಡಿ ಮೈಗೆ ಅಂಟಿಸಿಕೊಂಡಿದ್ದರೆ, ಕಿವಿರು ಜೋರಾಗಿ ಬಡಿದುಕೊಳ್ಳುತ್ತಿದ್ದರೆ ಇನ್ನೂ ಗಮನ ಕೊಡಬೇಕು. ಬಣ್ಣ ಕಪ್ಪಾಗುವುದನ್ನು ಮಾತ್ರ ನಾನು ಅಷ್ಟು ನಂಬುವುದಿಲ್ಲ. ದೊಡ್ಡ ಗಂಡಿನ ಹೊಟ್ಟೆಯ ಮೇಲೆ ಕಪ್ಪು ಗೆರೆ ಹೇಗೂ ಇರುತ್ತದೆ, ಜಗಳಕ್ಕೆ ನಿಂತಾಗ ಮೈಯೂ ಗಾಢವಾಗುತ್ತದೆ.

ನನಗೆ ನಂಬಿಕೆ ಇರುವುದು ಕಣ್ಣಿನ ಮೇಲೆ. ಚಿಮಟದಲ್ಲಿ ಬ್ಲಡ್ ವರ್ಮ್ (ಮೀನಿಗೆ ಹಾಕುವ ಕೆಂಪು ಹುಳ) ಹಿಡಿದು ಗಾಜಿನ ಹತ್ತಿರ ತರುತ್ತೇನೆ. ಇದರ ಎರಡು ಕಣ್ಣೂ ಬೇರೆ ಬೇರೆ ಕಡೆ ತಿರುಗುತ್ತವೆ. ಚೆನ್ನಾಗಿರುವ ಮೀನು ಮೈ ಅಲ್ಲಾಡಿಸುವ ಮುಂಚೆ ಕಣ್ಣು ತಿರುಗಿಸಿ ಹುಳವನ್ನು ನೋಡುತ್ತದೆ. ಕಣ್ಣು ಬರಲಿಲ್ಲ ಅಂದರೆ ಅವತ್ತೇ ನೀರಿನ ಟೆಸ್ಟ್ ಕಿಟ್ ತೆಗೆಯುತ್ತೇನೆ. ಮೀನಿನ ಹೊಲಸಿನಿಂದ ನೀರಿಗೆ ಸೇರುವ ವಿಷಗಳಾದ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಇರಲೇಬೇಕು. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸುತ್ತೇನೆ. ನಲ್ಲಿ ನೀರಾದರೆ ಅದರ ಕ್ಲೋರಿನ್ ತೆಗೆಯುವ ಆಂಟಿ ಕ್ಲೋರಿನ್ ಹಾಕಿಯೇ. ಬೇಸಿಗೆಯಲ್ಲಿ ನೀರು 28 ಡಿಗ್ರಿ ದಾಟಿದರೆ ಮೇಲೊಂದು ಚಿಕ್ಕ ಫ್ಯಾನ್ ತಿರುಗಿಸಿದರೆ ಸಾಕು.

ನೀರು ಸರಿಯಿದ್ದೂ ಮೀನು ಚಡಪಡಿಸಿದರೆ? ನನ್ನ ಟ್ಯಾಂಕಿನಲ್ಲಿ ಹೆಚ್ಚಿನ ಸಲ ಆಗಿದ್ದು ಇದೇ. ಕಾರಣ, ಅವು ಒಂದನ್ನೊಂದು ಜಾಸ್ತಿ ನೋಡುತ್ತಿದ್ದವು. ಈ ಮೀನು ಗಾತ್ರದಲ್ಲಿ ಬಟಾಣಿ, ಗತ್ತಿನಲ್ಲಿ ಊರ ಗೌಡ. ಎದುರಿಗೆ ಇನ್ನೊಂದು ಗಂಡು ಕಂಡರೆ ತಡೆಯಲಾಗದು. ಹಾಗಾಗಿ ಉದ್ದ ಎಲೆಯ ನೀರುಗಿಡ ವ್ಯಾಲಿಸ್ನೇರಿಯಾವನ್ನು ಹಿಂಬದಿಯಿಂದ ಕಿತ್ತು ನಡುವೆ ಅಡ್ಡಡ್ಡ ನೆಟ್ಟೆ. ಮರದ ತುಂಡಿಗೆ ಜಾವಾ ಮಾಸ್ ಅನ್ನುವ ಪಾಚಿಯಂಥ ಗಿಡ ಕಟ್ಟಿದೆ. ಈ ತುದಿಯಲ್ಲಿರುವ ಮೀನಿಗೆ ಆ ತುದಿ ಕಾಣಬಾರದು, ಅಷ್ಟೇ ಲೆಕ್ಕ. ಟ್ಯಾಂಕ್ 60 ಲೀಟರಿನದು. ಅದರಲ್ಲಿ ಈಗ ಒಂದೇ ಗಂಡು, ಉಳಿದವು ಹೆಣ್ಣು.

ಇನ್ನೊಂದು ವಿಷಯ ಅಂಗಡಿಯವರು ಹೇಳಲ್ಲ. ರಾತ್ರಿ ರೂಮು ಕತ್ತಲಾಗಿ ಟ್ಯಾಂಕಿನ ಲೈಟ್ ಮಾತ್ರ ಉರಿಯುತ್ತಿದ್ದರೆ ಗಾಜು ಒಳಗಿನಿಂದ ಕನ್ನಡಿಯಾಗುತ್ತದೆ. ಮೀನು ತನ್ನ ನೆರಳಿನ ಜೊತೆಗೇ ಜಗಳಕ್ಕಿಳಿಯುತ್ತದೆ. ಹಿಂದೆ, ಪಕ್ಕದಲ್ಲಿ ಹೊರಗಿನಿಂದ ಮಂದ ಬಣ್ಣದ ಕಾಗದ ಅಂಟಿಸಿ, ಲೈಟ್ ಮಂದ ಮಾಡಿದ ಮೇಲೆ ಸಂಜೆಯ ಓಡಾಟ ತುಂಬಾ ತಗ್ಗಿತು.

ಬೇಜಾರೂ ಒಂದು ಕಾಯಿಲೆಯೇ ಅನ್ನಿ. ಕಿಟಕಿಯ ಬಳಿ ಜಾರಿನಲ್ಲಿ ಸೌತೆಕಾಯಿ ಹೋಳು ಹಾಕಿ ಚಿಕ್ಕ ಬಸವನಹುಳು ಸಾಕುತ್ತೇನೆ. ಆಗಾಗ ಕೆಲವನ್ನು ಟ್ಯಾಂಕಿಗೆ ಬಿಟ್ಟರೆ ಪಫರ್‌ಗಳು ಗಂಟೆಗಟ್ಟಲೆ ಬೇಟೆಯಾಡುತ್ತವೆ.

ಚೆನ್ನಾಗಿ ತಿಂದೂ ಹೊಟ್ಟೆ ಒಳಗೆ ಹೋಗಿದ್ದರೆ ಅದು ಬೇರೆ ಕಥೆ. ಮಾರಾಟಕ್ಕೆ ಬರುವ ಮೀನುಗಳಲ್ಲಿ ಹೊಳೆಯಿಂದ ಹಿಡಿದವು ಬಹಳ, ಹೊಟ್ಟೆಯಲ್ಲಿ ಹುಳ ಇರಬಹುದು. ಸುಮ್ನೆ ಸಿಕ್ಕ ಔಷಧ ಹಾಕಬೇಡಿ. ಪಫರ್‌ಗೆ ಮಾಮೂಲಿ ಮೀನಿನಂತೆ ಹುರುಪೆ ಇಲ್ಲ, ತಾಮ್ರದ ಔಷಧವನ್ನು ಅದು ತಾಳಿಕೊಳ್ಳುವುದಿಲ್ಲ. ತಿಳಿದವರನ್ನು ಕೇಳಿ.

ಇಷ್ಟೆಲ್ಲ ಮಾಡಿಯೂ ಒಂದು ಮೀನು ಉಳಿದವನ್ನು ಕಚ್ಚುತ್ತಲೇ ಇದ್ದರೆ ಗಿಡ ನಂಬಿ ಕೂರಬೇಡಿ, ಅದಕ್ಕೆ ಬೇರೆ ಟ್ಯಾಂಕ್ ಕೊಡಿ. ಹಿಡಿಯಲು ಬಲೆ ಬೇಡ. ಲೋಟ ಮುಳುಗಿಸಿ ನೀರಿನ ಸಮೇತ ಎತ್ತಿ. ನೀರಿನಿಂದ ಹೊರಗೆ ಉಬ್ಬಿದರೆ ಒಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ, ಆಮೇಲೆ ಕೆಳಗಿಳಿಯಲಾಗದೆ ತೇಲಾಡುತ್ತದೆ.