ಮನೇಲಿ ಪೋಕರ್ ಆಡಿಸ್ತೀರಾ, ಮೊದ್ಲು ದೇವ್ರ ಮನೆ ಬಾಗ್ಲು ಹಾಕಿ

ಮೂರು ವರ್ಷದ ಹಿಂದೆ ದೀಪಾವಳಿ ಮುಗಿದ ಶನಿವಾರ ನಮ್ಮನೇಲಿ ಪೋಕರ್ (ದುಡ್ಡಿಟ್ಟು ಆಡೋ ಒಂದು ಇಸ್ಪೀಟ್ ಆಟ) ಇತ್ತು, ಒಟ್ಟು ಒಂಬತ್ತು ಜನ, ಅದ್ರಲ್ಲಿ ಇಬ್ರು ನಂಗೆ ಮುಖ ಪರಿಚಯಾನೂ ಇಲ್ಲ, ಫ್ರೆಂಡಿನ ಫ್ರೆಂಡು. ಆಟ ಮಸ್ತಾಗಿ ನಡೀತು, ರಾತ್ರಿ ಎರಡಕ್ಕೆ ಎಲ್ರೂ ಹೊರಟ್ರು, ಬೆಳಿಗ್ಗೆ ಅಮ್ಮ ದೀಪ ಹಚ್ಚೋಕೆ ದೇವ್ರ ಮನೆಗೆ ಹೋದ್ರೆ ಬೆಳ್ಳಿ ಕುಂಕುಮದ ಭರಣಿ ಇಲ್ಲ. ಅಜ್ಜಿದು ಅದು, ಮುಚ್ಚಳದ ಮೇಲೆ ಒಂದು ಪುಟ್ಟ ನವಿಲು, ನಾನೇ ಚಿಕ್ಕವನಿದ್ದಾಗ ಬೀಳ್ಸಿ ಅದರ ಕೊಕ್ಕು ಮುರಿದಿದ್ದೆ. ತೂಕಕ್ಕೆ ಹಾಕಿದ್ರೆ ದೊಡ್ಡ ದುಡ್ಡೇನೂ ಅಲ್ಲ.

ಅಮ್ಮ ಮೊದ್ಲು ಕೆಲಸಕ್ಕೆ ಬರೋ ಅಕ್ಕನ್ನ ಕೇಳೋಣ ಅಂದ್ರು, ಪಾಪ ಅವ್ರು ಹಬ್ಬಕ್ಕೆ ಊರಿಗೆ ಹೋದೋರು ಇನ್ನೂ ಬಂದೇ ಇರ್ಲಿಲ್ಲ. ಇನ್ನುಳಿದಿದ್ದು ನನ್ನ ಸ್ನೇಹಿತ್ರು. ಯಾರನ್ನ ಹೇಗೆ ಕೇಳೋದು? ಗ್ರೂಪಲ್ಲಿ "ಯಾರಾದ್ರೂ ನೋಡಿದ್ರಾ" ಅಂತ ಒಂದೇ ಒಂದು ಮೆಸೇಜ್ ಹಾಕ್ದೆ, ಅದಕ್ಕೇ ಒಬ್ಬ ಬೇಜಾರಾಗಿ ಗ್ರೂಪ್ ಬಿಟ್ಟ, ಇನ್ನೊಬ್ಬ ಇವತ್ತಿಗೂ ಫೋನ್ ಎತ್ತಲ್ಲ, ಭರಣಿ ಅಂತೂ ಸಿಗ್ಲಿಲ್ಲ. ಅವತ್ತಿಂದ ನಾನು ಬೀಗ ಹಾಕೋದು ಬರೋರು ಕಳ್ಳರು ಅಂತ ಅಲ್ಲ, ನಾಳೆ ಏನಾದ್ರೂ ಕಾಣ್ಲಿಲ್ಲ ಅಂದ್ರೆ ಅವರ ಮುಖ ಒಂದೊಂದಾಗಿ ನೆನಪು ಮಾಡ್ಕೊಳ್ಳೋ ಗ್ರಹಚಾರ ನಂಗೆ ಬರ್ಬಾರ್ದು ಅಂತ. ಇದನ್ನ ತಲೇಲಿ ಇಟ್ಕೊಂಡ್ರೆ ಕೆಳಗೆ ಹೇಳೋದೆಲ್ಲ ಅತಿ ಅನ್ಸಲ್ಲ.

ಮೊದ್ಲು ಜಾಗ. ಆಟ ಹಾಲಲ್ಲೇ ಆಗ್ಬೇಕು, ಹಾಲು, ಅಡಿಗೆಮನೆ, ಕಾಮನ್ ಬಾತ್‌ರೂಮು, ಬಾಲ್ಕನಿ, ಇಷ್ಟು ಬಿಟ್ರೆ ಉಳಿದ ಬಾಗ್ಲೆಲ್ಲ ಲಾಕ್. ಬರೀ ಮುಂದೆ ಮಾಡಿದ್ರೆ ಸಾಲ್ದು, ಯಾಕಂದ್ರೆ ಹಾಲ್ ಬಾತ್‌ರೂಮಲ್ಲಿ ಯಾರೋ ಇದ್ದಾಗ ಇನ್ನೊಬ್ಬ "ಗುರು, ಒಳಗಿನ್ದು ಯೂಸ್ ಮಾಡ್ಲಾ" ಅಂತ ಕೇಳ್ತಾನೆ, ನೀವು ಕೈಲಿ ಎರಡು ರಾಜ ಹಿಡ್ಕೊಂಡು ಕೂತಿರ್ತೀರಾ, ತಲೆ ಎತ್ತದೇ "ಹೋಗು ಹೋಗು" ಅಂತೀರಾ. ಆ ಬೆಡ್‌ರೂಮಲ್ಲಿ ಡ್ರೆಸ್ಸಿಂಗ್ ಟೇಬಲ್ ಮೇಲೆ ಹೆಂಡ್ತಿ ಬಳೆ, ಬಾತ್‌ರೂಮಲ್ಲಿ ಸೋಪಿನ ಪಕ್ಕ ಬಿಚ್ಚಿಟ್ಟ ಉಂಗುರ, ಗಾಡ್ರೇಜ್ ಬೀರು ಕೀ ಬೀರು ತಲೆ ಮೇಲೇ. ನಮ್ಮಲ್ಲಿ ಹತ್ತರಲ್ಲಿ ಎಂಟು ಮನೇಲಿ ಬೀರು ಕೀ ಬೀರು ಮೇಲೆ ಇಲ್ಲಾ ಸೀರೆ ಅಡಿ ಇರತ್ತೆ, ಇದು ಎಲ್ರಿಗೂ ಗೊತ್ತಿರೋ ಗುಟ್ಟು. ಕೀನ ಅವತ್ತು ನಿಮ್ಮ ಜೇಬಲ್ಲೇ ಇಟ್ಕೊಳ್ಳಿ. ನಾನು ಒಂದ್ಸಲ ಜಾಣತನ ಅಂತ ತೊಗರಿಬೇಳೆ ಡಬ್ಬೀಲಿ ಇಟ್ಟು ಮಾರನೇ ದಿನ ಮಧ್ಯಾಹ್ನದವರೆಗೂ ಹುಡುಕಿದೀನಿ, ಹಾಗ್ ಮಾತ್ರ ಮಾಡ್ಬೇಡಿ.

ದೇವ್ರ ಮನೆಗೆ ಸುಮಾರು ಫ್ಲಾಟ್‌ಗಳಲ್ಲಿ ಬಾಗ್ಲೇ ಇರಲ್ಲ, ಹಾಲಿನ ಮೂಲೇಲಿ ಒಂದು ಮರದ ಮಂಟಪ ಇರತ್ತೆ ಅಷ್ಟೆ. ಅಂಥವ್ರು ಬೆಳ್ಳಿ ದೀಪ, ಪಂಚಪಾತ್ರೆ, ಉದ್ಧರಣೆ, ಆರತಿ ತಟ್ಟೆ ಎಲ್ಲ ಸಂಜೆ ದೀಪ ಆದ್ಮೇಲೆ ಒಂದು ಬಟ್ಟೇಲಿ ಸುತ್ತಿ ಒಳಗಿಡಿ. ಐದು ನಿಮಿಷದ ಕೆಲ್ಸ. ಎತ್ತಿಡೋಕೆ ಮುಂಚೆ ಮೊಬೈಲಲ್ಲಿ ಒಂದು ಫೋಟೋ ಹೊಡ್ಕೊಳ್ಳಿ, ಆಮೇಲೆ "ಆ ಬಟ್ಟಲು ಇತ್ತಾ ಇಲ್ವಾ" ಅಂತ ಮನೇಲೇ ಜಗಳ ಆಗೋದು ತಪ್ಪತ್ತೆ. ಲ್ಯಾಪ್‌ಟಾಪು, ಆಫೀಸ್ ಐಡಿ, ಮನೆ ಸ್ಪೇರ್ ಕೀ (ಬಾಗ್ಲ ಹಿಂದೆ ಮೊಳೆಗೆ ತೂಗು ಹಾಕಿರ್ತೀವಲ್ಲ ಅದು) ಇವೂ ಒಳಗೆ.

ಇನ್ನು ಬರೋರ ಸಾಮಾನು. ಇದನ್ನ ಯಾರೂ ಯೋಚ್ನೆ ಮಾಡಲ್ಲ. ಆಫೀಸಿಂದ ಸೀದಾ ಬಂದೋನ ಬ್ಯಾಗಲ್ಲಿ ಕಂಪನಿ ಲ್ಯಾಪ್‌ಟಾಪ್ ಇರತ್ತೆ, ಸೋಫಾ ಪಕ್ಕ ಎಸೆದು ಕೂತ್ಕೋತಾನೆ, ರಾತ್ರಿ ಎರಡಕ್ಕೆ ಮೂರು ಜನರ ಹತ್ರ ಒಂದೇ ಥರ ಕಪ್ಪು ಬ್ಯಾಗು. ಒಂದು ಮೂಲೆ ಅಂತ ಫಿಕ್ಸ್ ಮಾಡಿ, ಬ್ಯಾಗು ಹೆಲ್ಮೆಟ್ಟು ಎಲ್ಲ ಅಲ್ಲಿ, ಟೇಬಲಿಂದ ಎಲ್ರಿಗೂ ಕಾಣೋ ಹಾಗೆ. ಚಪ್ಲಿ ಶೂಗಳನ್ನೂ ಒಳಗೆ ಬಿಡ್ಸಿ. ಹೊರಗಡೆ ಒಂಬತ್ತು ಜೊತೆ ಶೂ ಬಿದ್ದಿದ್ರೆ ಇಡೀ ಫ್ಲೋರಿಗೆ ಈ ಮನೇಲಿ ಏನೋ ನಡೀತಿದೆ ಅಂತ ಬೋರ್ಡ್ ಹಾಕಿದಂಗೆ, ಮೇಲಿಂದ ಹೊಸ ಶೂ ಕಾಣೆ ಆಗೋದು ಬೆಂಗ್ಳೂರಲ್ಲಿ ಯಾರಿಗೂ ಹೊಸ್ದಲ್ಲ.

ಯಾರು ಬರ್ತಾರೆ ಅನ್ನೋದೇ ಅಸಲು ಬೀಗ. ನನ್ನ ರೂಲ್ ಸಿಂಪಲ್, ಹೊಸಬ ಬರ್ಬೇಕಂದ್ರೆ ಶುಕ್ರವಾರಾನೇ ಹೆಸ್ರು ಹೇಳ್ಬೇಕು, ಯಾರು ಕರ್ಕೊಂಡ್ ಬರ್ತಾರೋ ಅವ್ರೇ ಅವನ ಲೆಕ್ಕಕ್ಕೂ ಜವಾಬ್ದಾರಿ, ಮತ್ತೆ ಒಂದು ರಾತ್ರಿಗೆ ಒಬ್ಬನೇ ಹೊಸಬ. ಬಾಗ್ಲಲ್ಲಿ ನಿಂತು "ಮಚ್ಚಾ ಇವ್ನು ನಮ್ ಆಫೀಸು, ಜೊತೇಲಿದ್ದ ಕರ್ಕೊಂಡ್ ಬಂದೆ" ಅಂದ್ರೆ ನಾನು ಊಟ ಹಾಕಿ ಕಳಿಸ್ತೀನಿ, ಟೇಬಲಿಗೆ ಕೂರ್ಸಲ್ಲ. ಎರಡು ಸಲ ಮುಜುಗರ ಆಯ್ತು, ಮೂರನೇ ಸಲಕ್ಕೆ ಎಲ್ರಿಗೂ ಅಭ್ಯಾಸ ಆಯ್ತು. ಅಪಾರ್ಟ್‌ಮೆಂಟಲ್ಲಿ ಮೈಗೇಟ್ ಥರದ ಆ್ಯಪ್ ಇದ್ರೆ ಬರೋ ಪ್ರತಿಯೊಬ್ರಿಗೂ ಬೇರೆ ಬೇರೆ ಎಂಟ್ರಿ ಹಾಕಿ, ಸೆಕ್ಯೂರಿಟಿ ಅಣ್ಣಂಗೆ "308ಕ್ಕೆ ಯಾರು ಬಂದ್ರೂ ಬಿಟ್ಬಿಡಿ" ಅನ್ನೋದು ಬೇಡ. ಸ್ವಂತ ಮನೆ, ಬಾಡಿಗೆ ಮನೆಯೋರು ಗೇಟಿನ ಲೈಟ್ ಹಾಕಿಟ್ಟು, ಯಾರಾದ್ರೂ ಸಿಗರೇಟಿಗೆ ಅಂತ ಹೊರಗೆ ಹೋದ್ರೆ ಬಾಗ್ಲು ಬರೀ ಮುಂದೆ ಮಾಡಿ ಹೋಗದ ಹಾಗೆ ನೋಡ್ಕೊಳ್ಳಿ, ಅರ್ಧ ಗಂಟೆ ತೆರೆದ ಬಾಗ್ಲು ಅಂದ್ರೆ ಬೀಗ ಹಾಕಿದ್ದೆಲ್ಲ ದಂಡ. ಮತ್ತೆ ಸ್ಟೇಟಸ್ಸಿಗೆ ಚಿಪ್ಸ್ (ದುಡ್ಡಿನ ಬದ್ಲು ಇಟ್ಟು ಆಡೋ ಬಿಲ್ಲೆಗಳು) ರಾಶಿ ಫೋಟೋ ಹಾಕೋನಿಗೆ ಅಲ್ಲೇ ಡಿಲೀಟ್ ಮಾಡ್ಸಿ, ದುಡ್ಡಿದೆ ಅಂತ ಗೊತ್ತಾದ ಕಡೆ ನುಗ್ಗೋರೂ ಇರ್ತಾರೆ. ಬರ್ಲಿನ್ನಲ್ಲಿ 2010ರ ಮಾರ್ಚ್ 6ಕ್ಕೆ ಒಂದು ದೊಡ್ಡ ಹೋಟೆಲಲ್ಲಿ ಯುರೋಪಿಯನ್ ಪೋಕರ್ ಟೂರ್ ಅನ್ನೋ ಪಂದ್ಯ ನಡೀತಿದ್ದಾಗ, ಹಾಡು ಹಗಲೇ ಮುಖಕ್ಕೆ ಬಟ್ಟೆ ಕಟ್ಕೊಂಡು ಬಂದು 2,42,000 ಯೂರೋ ಹೊತ್ಕೊಂಡ್ ಹೋದ್ರು. ಅಲ್ಲಿ ಗಾರ್ಡುಗಳಿದ್ರು, ನಮ್ಮನೇಲಿ ಇರೋದು ನಮ್ಮಪ್ಪ, ಅವ್ರೂ ಹತ್ತಕ್ಕೆ ಮಲಗಿಬಿಡ್ತಾರೆ.

ಅದಕ್ಕೇ ಟೇಬಲ್ ಮೇಲೆ ನೋಟು ಕಾಣಲೇಬಾರ್ದು. ಚಿಪ್ಸ್ ಮಾತ್ರ. ಎಂಟು ಜನ, ತಲಾ 500 ರೂಪಾಯಿ ಅಂತಿಟ್ಕೊಳ್ಳಿ, ಬಿಳಿ ಚಿಪ್ 5, ಕೆಂಪು 25, ಹಸಿರು 100. ಒಬ್ಬೊಬ್ರಿಗೆ 15 ಬಿಳಿ, 9 ಕೆಂಪು, 2 ಹಸಿರು ಕೊಟ್ರೆ 75, 225, 200, ಸರಿಯಾಗಿ 500. ದುಡ್ಡು ಆಟಕ್ಕೆ ಮುಂಚೇನೇ ಯುಪಿಐಲಿ ಒಬ್ಬನಿಗೆ, ಆ ಕ್ಯಾಷಿಯರ್ ಮನೆ ಯಜಮಾನ ಆಗ್ದೇ ಇದ್ರೆ ಒಳ್ಳೇದು, ಒಬ್ಬ ಬಾಗ್ಲು ನೋಡ್ಕೊಂಡ್ರೆ ಇನ್ನೊಬ್ಬ ಲೆಕ್ಕ ನೋಡ್ಕೋತಾನೆ. "ಕಳ್ಸಿದೀನಿ ನೋಡು" ಅಂತ ತೋರ್ಸೋ ಸ್ಕ್ರೀನ್‌ಶಾಟ್ ನಂಬ್ಬೇಡಿ, ಸ್ನೇಹಿತ ಆದ್ರೂ ಅಷ್ಟೆ, ಕ್ಯಾಷಿಯರ್ ತನ್ನ ಅಕೌಂಟಲ್ಲಿ ಬಂದಿದ್ದು ನೋಡಿ ಆಮೇಲೆ ಚಿಪ್ಸ್ ಕೊಡ್ಲಿ. ಸೋತು ಮತ್ತೆ 500 ಹಾಕೋದಕ್ಕೆ ನಮ್ಮಲ್ಲಿ ಎರಡೇ ಸಲ ಲಿಮಿಟ್ಟು, ಹಾಕಿದಾಗೆಲ್ಲ ಗ್ರೂಪಲ್ಲಿ ಒಂದು ಸಾಲು.

ಕೊನೇಲಿ ಲೆಕ್ಕ ಕೂಡ್ಬೇಕು. ಎಂಟು ಜನರ 4,000, ಮಧ್ಯೆ ಐದು ಸಲ ಮತ್ತೆ ಹಾಕಿದ್ದು 2,500, ಕ್ಯಾಷಿಯರ್ ಹತ್ರ 6,500 ಅಂದ್ರೆ ಟೇಬಲ್ ಮೇಲಿನ ಚಿಪ್ಸೂ 6,500ನೇ ಬರ್ಬೇಕು. ಒಂದ್ಸಲ ನಮ್ಗೆ 6,475 ಬಂತು. ಒಂದು ಕೆಂಪು ಚಿಪ್ಪು. ಇಪ್ಪತ್ತೈದು ರೂಪಾಯಿ ತಾನೇ ಬಿಡು ಅಂದ್ರೆ ಕ್ಯಾಷಿಯರ್ ಬಿಡ್ಲಿಲ್ಲ, ಎಲ್ರನ್ನೂ ಎಬ್ಬಿಸಿ ಸೋಫಾ ಕುಶನ್ ಎತ್ತಿಸ್ದ, ಕಡ್ಲೆಬೀಜದ ಸಿಪ್ಪೆ, ಒಂದು ಹೇರ್‌ಪಿನ್ನು, ಮಗಳ ಕ್ರೇಯಾನ್ ಜೊತೆ ಕೂತಿತ್ತು. ಕೂಡದೇ ಇದ್ದಿದ್ರೆ ಮುಂದಿನ ವಾರ ಯಾರ ಜೇಬಿಂದ ಅದು ವಾಪಸ್ ಬರ್ಬೋದು ಅನ್ನೋ ಪ್ರಶ್ನೆ ಉಳೀತಿತ್ತು. ಇದು ಸುಳ್ಳು ಭಯ ಅಲ್ಲ, ಆನ್‌ಲೈನಲ್ಲಿ ಸಿಗೋ ಮಾಮೂಲಿ ಚಿಪ್ ಸೆಟ್ ನಿಮ್ಮತ್ರ ಇದ್ರೆ ಅದೇ ಸೆಟ್ ಇನ್ನೊಬ್ಬನ ಹತ್ರಾನೂ ಇರ್ಬೋದು, ಅದಕ್ಕೆ ನಾವು ಹಸಿರು ಚಿಪ್ಪಿನ ಅಂಚಿಗೆ ಒಂದು ಸಣ್ಣ ನೇಲ್ ಪಾಲಿಶ್ ಚುಕ್ಕೆ ಇಟ್ಟಿದೀವಿ.

ಎಲೆಗಳ ಬಗ್ಗೆ ಎರಡೇ ಮಾತು. ಪೇಪರ್ ಪ್ಯಾಕ್ ಬೇಡ, ಪ್ಲಾಸ್ಟಿಕ್ ತಗೊಳ್ಳಿ, ಒರೆಸಿದ್ರೆ ಆಯ್ತು. ನಮ್ಮ ಹಳೇ ಪ್ಯಾಕಲ್ಲಿ ಆಟೀನ್ ರಾಣಿ ಬೆನ್ನ ಮೇಲೆ ಚಕ್ಲಿ ಎಣ್ಣೆಯ ಒಂದು ಹೆಬ್ಬೆಟ್ಟು ಗುರ್ತು ಇತ್ತು, ಯಾರೂ ಬೇಕಂತ ಮಾಡಿದ್ದಲ್ಲ, ಆದ್ರೆ ಮೂರು ವಾರ ಆ ರಾಣಿ ಯಾರ ಕೈಲಿದಾಳೆ ಅಂತ ಅರ್ಧ ಟೇಬಲಿಗೆ ಗೊತ್ತಿತ್ತು. ಕೋಡುಬಳೆ, ಚಕ್ಲಿ ಎಲ್ಲ ಬೇರೆ ಸ್ಟೂಲಿಗೆ, ಪಕ್ಕ ಟಿಶ್ಯೂ.

ಕಾನೂನಿನ ವಿಷ್ಯ, ಇದ್ರಲ್ಲಿ ಉಡಾಫೆ ಬೇಡ. ಕರ್ನಾಟಕ ಪೊಲೀಸ್ ಕಾಯ್ದೆ 1963ರ 79ನೇ ಸೆಕ್ಷನ್ ಜೂಜಿನ ಮನೆ ನಡೆಸೋನಿಗೆ, 80 ಅಲ್ಲಿ ಸಿಕ್ಕೋರಿಗೆ. ಜೂಜಿನ ಮನೆ ಅಂತ ಆಗೋದು ಮುಖ್ಯವಾಗಿ ಜಾಗ ಕೊಟ್ಟೋನು ಅದ್ರಿಂದ ಲಾಭ ಮಾಡ್ಕೊಂಡಾಗ. ಅಂದ್ರೆ ಪ್ರತಿ ಪಾಟಿಂದ (ಒಂದು ಕೈಯಲ್ಲಿ ಎಲ್ರೂ ಕಟ್ಟಿದ ಒಟ್ಟು ದುಡ್ಡು) ಐದು ಪರ್ಸೆಂಟ್ ಎತ್ತೋದು, ಸೀಟಿಗೆ ಇಷ್ಟು ಅಂತ ವಸೂಲಿ, ಎರಡೂ ಕೂಡ್ದು. ಪೋಕರ್ ಕೌಶಲದ ಆಟ, ಲೈಸೆನ್ಸ್ ಬೇಡ ಅನ್ನೋ ಅರ್ಥದ ಮಾತನ್ನ ನಮ್ಮ ಹೈಕೋರ್ಟ್ 2013ರಲ್ಲಿ ಹೇಳಿದೆ, 2017ರಲ್ಲಿ ಗುಜರಾತ್ ಹೈಕೋರ್ಟ್ ಇದು ಅದೃಷ್ಟದ ಆಟ ಅಂತು, ಹಾಗಾಗಿ ಜಾಸ್ತಿ ಎದೆ ಉಬ್ಬಿಸೋ ಹಾಗಿಲ್ಲ. ಬೇಜಾರಾಯ್ತು ಅಂತ ಮಧ್ಯರಾತ್ರಿ ಅಂದರ್ ಬಾಹರ್‌ಗೆ ಇಳಿದ್ರಂತೂ ಕೌಶಲದ ಮಾತೇ ಬರಲ್ಲ. ಯುಗಾದಿ ಮಾರನೇ ದಿನ ಹೊಸತೊಡಕಿಗೆ ಮಂಡ್ಯ ಕಡೆ ಮರದ ಕೆಳಗೆಲ್ಲ ಆಡ್ತಾರೆ, ಹಬ್ಬ ಅಂತ ಕಾಯ್ದೆ ರಜಾ ಹಾಕಲ್ಲ. 2025ರ ಆಗಸ್ಟಲ್ಲಿ ಆನ್‌ಲೈನ್ ದುಡ್ಡಿನ ಆಟಕ್ಕೆ ಕೇಂದ್ರದ ಕಾಯ್ದೆ ಬಂದು ಆ್ಯಪ್‌ಗಳು ಮುಚ್ಚಿದ ಮೇಲೆ ನಮ್ಮ ಟೇಬಲಿಗೆ ಸೀಟ್ ಕೇಳೋರು ಜಾಸ್ತಿ ಆಗಿದಾರೆ. ಅವ್ರಿಗೆಲ್ಲ ನನ್ನ ಉತ್ತರ ಮೇಲೆ ಹೇಳಿದ ಹೊಸಬರ ರೂಲೇ.

ಮನೆ ಆಟಕ್ಕೆ ಪೊಲೀಸ್ ಬಂದ್ರೂ ಅದು ಶುರುವಾಗೋದು ಪಕ್ಕದ ಮನೆಯೋರ ಫೋನಿಂದ, ಅವ್ರು ಫೋನ್ ಮಾಡೋದು ನಮ್ಮ ಕಿರುಚಾಟಕ್ಕೆ. ಹತ್ತು ಗಂಟೆ ಮೇಲೆ ಬಾಲ್ಕನಿ ಬಾಗ್ಲು ಮುಚ್ಚಿ, ಕೆಳಗಿನ ಫ್ಲೋರ್ ಆಂಟಿಗೆ ಸಂಜೆನೇ "ಇವತ್ತು ಸ್ವಲ್ಪ ಜನ ಇರ್ತಾರೆ ಆಂಟಿ, ಸದ್ದಾದ್ರೆ ಒಂದು ಫೋನ್ ಮಾಡಿ" ಅಂತ ಹೇಳಿಡಿ, ನಾಲ್ಕು ಚಕ್ಲಿ ಕೊಟ್ರೆ ಇನ್ನೂ ಒಳ್ಳೇದು.

ಕುಡಿಯೋದು ಇದ್ರೆ ಬಂದೋರ ಗಾಡಿ ಕೀ ಒಂದು ಸ್ಟೀಲ್ ಡಬ್ಬಿಗೆ, ಬಂದ ತಕ್ಷಣ, ಕುಡಿದ್ಮೇಲೆ ಕೇಳಿದ್ರೆ ಯಾರೂ ಕೊಡಲ್ಲ. ಲಿಮಿಟ್ 100 ಎಂಎಲ್ ರಕ್ತದಲ್ಲಿ 30 ಮಿಲಿಗ್ರಾಂ, ಸಿಕ್ಕಿಬಿದ್ರೆ ಮೊದಲ ಸಲಾನೇ 10,000 ರೂಪಾಯಿ ದಂಡ ಇಲ್ಲಾ ಆರು ತಿಂಗಳವರೆಗೂ ಜೈಲು, ಎರಡೂ ಆಗ್ಬೋದು. ಗೆದ್ದೋನಿಗೆ ಕ್ಯಾಬ್ ದುಡ್ಡು ಭಾರ ಅಲ್ಲ, ಸೋತೋನಿಗೆ ಗೆದ್ದೋನೇ ಕೊಡ್ಸೋದು ನಮ್ಮಲ್ಲಿ ಪದ್ಧತಿ. ಎರಡು ಚಾಪೆ, ದಿಂಬು ಹೊರಗಿಟ್ಟಿರಿ, ಉಳ್ಕೋ ಅಂತ ಬಾಯಲ್ಲಿ ಹೇಳೋದಕ್ಕಿಂತ ಹಾಸಿದ ಚಾಪೆ ನೋಡಿದ್ರೆ ಬೇಗ ಒಪ್ತಾರೆ. ಹೆಣ್ಣುಮಕ್ಕಳು ಆಡೋಕೆ ಬಂದಿದ್ರೆ ಕ್ಯಾಬ್ ಹತ್ತೋವರೆಗೂ ಕೆಳಗಿಳಿದು ನಿಲ್ಲಿ, ನಂಬರ್ ನೋಡ್ಕೊಳ್ಳಿ, ಮನೆ ಮುಟ್ಟಿದ ಮೆಸೇಜ್ ಬರೋವರೆಗೂ ಮಲಗ್ಬೇಡಿ. ಯಾರಿಗಾದ್ರೂ ಎದೆ ನೋವು ಅಂದ್ರೆ ಗ್ಯಾಸ್ಟ್ರಿಕ್ ಅಂತ ಸೋಡಾ ಕುಡಿಸ್ತಾ ಕೂರ್ಬೇಡಿ, 108. ಜಗಳ ಕೈ ಮೀರಿದ್ರೆ, ಹೊರಗಿನೋರು ನುಗ್ಗಿದ್ರೆ 112, ನುಗ್ಗಿದೋರು ಏನು ಕೇಳಿದ್ರೂ ಕೊಟ್ಬಿಡಿ, ಹೀರೋಗಿರಿ ಬೇಡ.

ಗೆಸ್ಟ್ ಸೇಫ್ಟಿ ಅಂದ್ರೆ ಅವರ ಜೇಬಿಂದೂ. ನಮ್ಮ ಗುಂಪಲ್ಲಿ ಒಬ್ಬ ಹುಡುಗ ಸಾಲಾಗಿ ನಾಲ್ಕು ಶನಿವಾರ ಸೋತ, ನಾಲ್ಕನೇ ಸಲ ನನ್ನನ್ನ ಅಡಿಗೆಮನೆಗೆ ಕರೆದು "ಸಂಬಳ ಬಂದ್ಮೇಲೆ ಕೊಡ್ತೀನಿ ಅಣ್ಣಾ, ಒಂದು ಸಾವ್ರ" ಅಂದ. ಕೈಗಡ ಕೊಡಲ್ಲ ಅನ್ನೋದು ರೂಲು, ಅದನ್ನ ಎಲ್ರ ಮುಂದೆ ಹೇಳಿ ಅವಮಾನ ಮಾಡೋದು ಬೇಡ ಅಂತ ಕಾಫಿ ಡಿಕಾಕ್ಷನ್ ಇಳಿಯೋವರೆಗೂ ಅಲ್ಲೇ ಮಾತಾಡ್ಸಿದೆ, ಇಎಂಐ ಎರಡು ಕಂತು ಬಾಕಿ ಇತ್ತಂತೆ, ಮನೇಲಿ ಗೊತ್ತಿಲ್ವಂತೆ. ಇಂಥದ್ದಕ್ಕೆ 14416, ಟೆಲಿ ಮಾನಸ್ ಅಂತ, ದುಡ್ಡು ಕಟ್ಟೋ ಹಾಗಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ, ನಂಬರ್ ಅವನ ಫೋನಿಗೆ ನಾನೇ ಸೇವ್ ಮಾಡಿ ಕೊಟ್ಟೆ. ಈಗ್ಲೂ ಶನಿವಾರ ಬರ್ತಾನೆ, ಎಲೆ ಹಂಚ್ತಾನೆ, ಲೆಕ್ಕ ಬರೀತಾನೆ. ಸೋಫಾ ಕುಶನ್ ಎಲ್ಲ ಎತ್ತಿಸಿ ಆ ಕೆಂಪು ಚಿಪ್ ಹುಡುಕಿಸಿದ ಕ್ಯಾಷಿಯರ್ ಅವನೇ.