ಒಂದು, ಸೊನ್ನೆ, ಎರಡು: ಮನೆಗೆ ಚೇಂಜ್ ಓವರ್ ಹಾಕಿಸುವ ಮುಂಚೆ

ಪಾಂಡವಪುರದ ಕಡೆ ಒಂದು ಆಲೆಮನೆಗೆ ಮೋಟರ್ ನೋಡಲು ಹೋಗಿದ್ದೆ. ಪಕ್ಕದಲ್ಲೇ ಅದರ ಯಜಮಾನರಾದ ಗೌಡರ ಮನೆ. ಜಗಲಿ ಮೇಲೆ ಸಣ್ಣ ಪೆಟ್ರೋಲ್ ಜನರೇಟರ್, ಅದರ ಮೇಲೆ ಸುತ್ತಿಟ್ಟ ವೈರು. ವೈರಿನ ಒಂದು ತುದಿಗೆ ಮೂರು ಪಿನ್ನಿನ ಪ್ಲಗ್. ಇನ್ನೊಂದು ತುದಿಗೂ ಪ್ಲಗ್. ನೋಡಿದ ಕೂಡಲೇ ನನಗೆ ಗೊತ್ತಾಯಿತು. ಕರೆಂಟ್ ಹೋದರೆ ಒಂದು ಪ್ಲಗ್ ಜನರೇಟರಿಗೆ, ಇನ್ನೊಂದು ಮನೆಯ ಸಾಕೆಟ್ಟಿಗೆ. ಇಡೀ ಮನೆಗೆ ಲೈಟು.

"ಮೇನ್ ಆಫ್ ಮಾಡ್ಕಂಡೇ ಹಾಕೋದು ಕಣಪ್ಪ. ಮರೆಯಕ್ಕಿಲ್ಲ," ಅಂದರು ಗೌಡರು.

"ನೀವು ಮರೆಯಲ್ಲ ಗೌಡ್ರೇ. ನೀವು ಊರಿಗೆ ಹೋದಾಗ ನಿಮ್ಮ ಮಗ ಮರೀತಾನೆ," ಅಂದೆ.

ನಮ್ಮ ಭಾವ ಲೈನ್‌ಮನ್ ಆಗಿದ್ದವರು. ಏಪ್ರಿಲ್ ತಿಂಗಳ ಒಂದು ಗಾಳಿಮಳೆಯಲ್ಲಿ ತೆಂಗಿನ ಮರ ಬಿದ್ದು ತಂತಿ ಹರಿದಿತ್ತು. ಅವರು ಟ್ರಾನ್ಸ್‌ಫಾರ್ಮರ್ ಹತ್ತಿರ ಡಿಓ ಫ್ಯೂಸ್ (11,000 ವೋಲ್ಟ್ ಕಡೆಯ ಫ್ಯೂಸ್) ಇಳಿಸಿ, ಮುಂದಿನ ಕಂಬ ಹತ್ತಿದರು. ಲೈನ್ ಸತ್ತಿದೆ ಅಂತ ತಂತಿ ಮುಟ್ಟಿದರು. ಸತ್ತಿರಲಿಲ್ಲ. ಯಾರದೋ ಮನೆಯ ಜನರೇಟರಿಂದ ಕರೆಂಟು ಮೀಟರ್ ದಾಟಿ ಹಿಂದಕ್ಕೆ ಕಂಬಕ್ಕೆ ಬಂದಿತ್ತು. ಸೊಂಟದ ಬೆಲ್ಟ್ ಇದ್ದಿದ್ದಕ್ಕೆ ಜೀವ ಉಳಿಯಿತು. ಬಲಗೈಯ ಎರಡು ಬೆರಳು ಇವತ್ತಿಗೂ ಮಡಚುವುದಿಲ್ಲ. ಮುದ್ದೆಯನ್ನು ಎಡಗೈಲಿ ಮುರಿಯುತ್ತಾರೆ. ಡಿಓ ಇಳಿಸದೆ ಇದ್ದಿದ್ದರೆ ಅದೇ 230 ವೋಲ್ಟು ಟ್ರಾನ್ಸ್‌ಫಾರ್ಮರ್ ಒಳಗೆ ಉಲ್ಟಾ ಹೋಗಿ 11,000 ವೋಲ್ಟಾಗಿ ಆಚೆ ಬರುತ್ತಿತ್ತು. ಟ್ರಾನ್ಸ್‌ಫಾರ್ಮರಿಗೆ ಯಾವ ಕಡೆಯಿಂದ ಕೊಟ್ಟರೂ ಒಂದೇ, ಅದು ತನ್ನ ಕೆಲಸ ಮಾಡುತ್ತದೆ.

ಅದಕ್ಕೇ ಚೇಂಜ್ ಓವರ್ ಸ್ವಿಚ್ ಬೇಕು ಅನ್ನೋದು. ಅದರ ಮೇಲೆ ಮೂರು ಗುರುತು ಇರುತ್ತದೆ. ಒಂದು ಅಂದರೆ ಲೈನ್ ಕರೆಂಟು. ಎರಡು ಅಂದರೆ ಜನರೇಟರು. ನಡುವೆ ಸೊನ್ನೆ. ಒಂದರಿಂದ ಎರಡಕ್ಕೆ ಹೋಗಬೇಕಾದರೆ ಹಿಡಿ ಸೊನ್ನೆಯನ್ನು ದಾಟಲೇಬೇಕು. ಮೊದಲು ಒಂದು ಕಡೆ ಬಿಡುತ್ತದೆ, ಆಮೇಲೆ ಇನ್ನೊಂದು ಕಡೆ ಹಿಡಿಯುತ್ತದೆ. ಎರಡನ್ನೂ ಒಟ್ಟಿಗೆ ಹಿಡಿಯಲು ಅದಕ್ಕೆ ಆಗುವುದೇ ಇಲ್ಲ. ಮನುಷ್ಯನ ನೆನಪನ್ನು ನಂಬುವ ಕೆಲಸ ಅಲ್ಲಿಗೆ ಮುಗಿಯಿತು. ಎರಡು ಎಂಸಿಬಿ (ಕರೆಂಟ್ ಜಾಸ್ತಿ ಹರಿದರೆ ತಾನೇ ಬೀಳುವ ಸ್ವಿಚ್ಚು) ಪಕ್ಕಪಕ್ಕ ಹಾಕಿ "ಒಂದು ಆಫ್ ಮಾಡಿ ಇನ್ನೊಂದು ಆನ್ ಮಾಡಿ" ಅಂತ ಹೇಳಿ ಹೋಗುವವರಿದ್ದಾರೆ. ಅದು ಚೇಂಜ್ ಓವರ್ ಅಲ್ಲ. ಬೆಲೆ ಉಳಿಸಿದ ಹಾಗೆ ಕಾಣುತ್ತದೆ ಅಷ್ಟೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಕೆಲಸವನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಕಂಟ್ರಾಕ್ಟರ್ ಕೈಲಿ ಮಾಡಿಸಿ. ಜನರೇಟರ್ ಇಡುವ ವಿಷಯ ನಿಮ್ಮ ಕರೆಂಟ್ ಕಂಪನಿ ಚೆಸ್ಕಾಂನ ಸಬ್‌ಡಿವಿಷನ್ ಆಫೀಸಿಗೂ ತಿಳಿಸಿ. ನಾನು ಇಲ್ಲಿ ಬರೆಯುತ್ತಿರುವುದು ನೀವೇ ಸ್ಕ್ರೂ ಡ್ರೈವರ್ ಹಿಡಿಯಲಿ ಅಂತಲ್ಲ. ಹಾಕುವವನ ಪಕ್ಕ ನಿಂತು ಸರಿಯಾದ ಪ್ರಶ್ನೆ ಕೇಳಲಿ ಅಂತ.

ಮೊದಲ ಪ್ರಶ್ನೆ, ಎಷ್ಟು ಆಂಪಿಯರಿನ ಸ್ವಿಚ್? ಇಲ್ಲೇ ಜಾಸ್ತಿ ಜನ ಎಡವುವುದು. "ನಮ್ಮದು 3 ಕೆವಿಎ ಜನರೇಟರು, 13 ಆಂಪಿಯರ್ ಬರುತ್ತೆ, 16ರದ್ದು ಸಾಕು" ಅನ್ನುತ್ತಾರೆ. ಲೆಕ್ಕ ಸರಿ, 3000ವನ್ನು 230ರಿಂದ ಭಾಗಿಸಿದರೆ 13 ಬರುತ್ತದೆ. ಆದರೆ ಆ ಸ್ವಿಚ್ಚಿನ ಮೂಲಕ ಜನರೇಟರ್ ಕರೆಂಟು ಹರಿಯುವುದು ಯಾವಾಗಲೋ ಒಂದೆರಡು ಗಂಟೆ. ಮಿಕ್ಕ ದಿನವೆಲ್ಲ ಲೈನ್ ಕರೆಂಟೇ ಅದರಲ್ಲಿ ಹೋಗುವುದು. ಗೀಸರ್, ಮೋಟರ್, ಇಸ್ತ್ರಿಪೆಟ್ಟಿಗೆ ಎಲ್ಲ ಅದರ ಮೇಲೇ. ಮದ್ದೂರಿನ ಒಂದು ಮನೆಯಲ್ಲಿ ಬೇರೆ ಯಾರೋ 16 ಆಂಪಿಯರಿನದ್ದು ಹಾಕಿದ್ದರು. ಪೆಟ್ಟಿಗೆ ಬಿಚ್ಚಿದರೆ ಪ್ಲಾಸ್ಟಿಕ್ ಬೆಲ್ಲದ ಪಾಕದ ಹಾಗೆ ಇಳಿದಿತ್ತು. ಜನರೇಟರನ್ನು ಅವರು ಆ ತಿಂಗಳು ಶುರುವೇ ಮಾಡಿರಲಿಲ್ಲ! ಆದ್ದರಿಂದ ಮೇನ್ ಎಂಸಿಬಿ ಎಷ್ಟಿದೆ ನೋಡಿ. ಅದು 32 ಇದ್ದರೆ ಚೇಂಜ್ ಓವರ್ 40 ಹಾಕಿ. ಲೈನು, ಜನರೇಟರು ಎರಡರಲ್ಲಿ ಯಾವುದು ದೊಡ್ಡದೋ ಅದಕ್ಕೆ ತಕ್ಕ ಸ್ವಿಚ್ಚು. ವೈರೂ ಅಷ್ಟೇ. 32 ಆಂಪಿಯರಿಗೆ ನಾನು 6 ಸ್ಕ್ವೇರ್ ಎಂಎಂ ತಾಮ್ರಕ್ಕಿಂತ ಕಮ್ಮಿ ಎಳೆಯುವುದಿಲ್ಲ.

ಎರಡನೇ ಪ್ರಶ್ನೆ, ಎಷ್ಟು ಪೋಲ್, ಅಂದರೆ ಸ್ವಿಚ್ಚು ಒಟ್ಟಿಗೆ ಎಷ್ಟು ವೈರು ಬದಲಾಯಿಸುತ್ತದೆ? ಸಿಂಗಲ್ ಫೇಸಿಗೆ 2 ಪೋಲ್, ತ್ರೀ ಫೇಸಿಗೆ 4 ಪೋಲ್. ಅಂದರೆ ಫೇಸಿನ ಜೊತೆ ನ್ಯೂಟ್ರಲ್ ಕೂಡ ಬದಲಾಗಬೇಕು. "ನ್ಯೂಟ್ರಲ್‌ನಲ್ಲಿ ಏನಿದೆ, ಅದು ಸುಮ್ನೆ ವಾಪಸ್ ಹೋಗೋ ವೈರು ಅಲ್ವಾ" ಅಂತ ಕೇಳುತ್ತಾರೆ. ಎರಡೂ ಕಡೆಯ ನ್ಯೂಟ್ರಲನ್ನು ಒಟ್ಟಿಗೆ ಕಟ್ಟಿಬಿಟ್ಟರೆ ಜನರೇಟರ್ ಓಡುವಾಗಲೂ ನಿಮ್ಮ ಮನೆಗೂ ಕಂಬಕ್ಕೂ ನಂಟು ಉಳಿಯುತ್ತದೆ. ಕಂಬದ ಮೇಲಿನ ನ್ಯೂಟ್ರಲ್ ತಂತಿ ಹರಿದಿದ್ದರೆ ಅದನ್ನು ಮುಟ್ಟುವವನ ಗತಿ ಏನು? ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್ಚು) ಇರುವ ಮನೆಯಲ್ಲಿ ಇದೇ ಕಾರಣಕ್ಕೆ ಸುಮ್ಮಸುಮ್ಮನೆ ಟ್ರಿಪ್ ಆಗುವುದೂ ಉಂಟು. ಹಸಿರು ವೈರು ಮಾತ್ರ ಬೇರೆ. ಅರ್ಥಿಂಗನ್ನು ಯಾವ ಸ್ವಿಚ್ಚೂ ಕತ್ತರಿಸಬಾರದು. ಅದು ಲೈನಿನಲ್ಲಿದ್ದರೂ, ಜನರೇಟರಿನಲ್ಲಿದ್ದರೂ, ಸೊನ್ನೆಯಲ್ಲಿದ್ದರೂ ಒಂದೇ ಸಮ ನೆಲಕ್ಕೆ ಸೇರಿರಬೇಕು.

ಸಣ್ಣ ಪೆಟ್ರೋಲ್ ಜನರೇಟರ್ ಇಟ್ಟುಕೊಂಡವರು ಇನ್ನೊಂದು ಕೇಳಬೇಕು. ಇಂಥ ಎಷ್ಟೋ ಜನರೇಟರುಗಳಲ್ಲಿ ನ್ಯೂಟ್ರಲ್ ಅರ್ಥಿಗೆ ಸೇರಿರುವುದಿಲ್ಲ. ಹಾಗಿದ್ದರೆ ಜನರೇಟರ್ ಮೇಲೆ ಮನೆ ಓಡುವಾಗ ಆರ್‌ಸಿಸಿಬಿ ಇದ್ದೂ ಇಲ್ಲದ ಹಾಗೆ. ಶಾಕ್ ಹೊಡೆದರೂ ಅದು ಬೀಳುವುದಿಲ್ಲ. 2 ಪೋಲ್ ಚೇಂಜ್ ಓವರ್ ಹಾಕಿದ ಮೇಲೆ ಜನರೇಟರಿನ ಬುಡದಲ್ಲಿ ನ್ಯೂಟ್ರಲನ್ನು ಅರ್ಥಿಗೆ ಸೇರಿಸಿದ್ದಾರಾ ಅಂತ ಕೇಳಿ. ಕಂಟ್ರಾಕ್ಟರ್ ತಲೆ ಕೆರೆದುಕೊಂಡರೆ ಬೇರೆಯವರನ್ನು ಕರೆಸಿ.

ಸ್ವಿಚ್ಚಿನ ಜಾಗ ಮೀಟರ್ ಮತ್ತು ಮೇನ್ ಸ್ವಿಚ್ ಆದಮೇಲೆ, ಮನೆಯೊಳಗೆ ಕರೆಂಟ್ ಹಂಚುವ ಪೆಟ್ಟಿಗೆಗೆ, ಅಂದರೆ ಡಿಬಿಗೆ ಮುಂಚೆ. ಮೀಟರಿನ ಸೀಲು ಚೆಸ್ಕಾಂನವರದ್ದು, ಅದನ್ನು ಮುಟ್ಟುವ ಹಾಗಿಲ್ಲ. ಕೆಲಸ ಮಾಡುವಾಗ ಮೇನ್ ಆಫ್ ಮಾಡಿದರೂ ಅದಕ್ಕೆ ಕರೆಂಟ್ ಬರುವ ಕಡೆಯ ಟರ್ಮಿನಲ್ ಜೀವಂತವಾಗೇ ಇರುತ್ತದೆ. ನಾನು ಅಲ್ಲಿ ಒಂದು ರಬ್ಬರ್ ತುಂಡು ಮುಚ್ಚಿಟ್ಟೇ ಶುರು ಮಾಡುವುದು. ಆಮೇಲೆ ಸ್ವಿಚ್ಚಿನ ಮೈಮೇಲಿನ ಗುರುತು ಓದಬೇಕು. ಕೆಲವು ಕಂಪನಿಯದ್ದರಲ್ಲಿ ಲೈನ್ ಮೇಲೆ, ಜನರೇಟರ್ ಕೆಳಗೆ. ಕೆಲವದರಲ್ಲಿ ಬೇರೆ ತರಹ. ಇನ್ನು ಕೆಲವದರಲ್ಲಿ ಲೋಡಿನ, ಅಂದರೆ ಮನೆಗೆ ಹೋಗುವ, ಎರಡು ಕಡೆಯನ್ನೂ ಸೇರಿಸುವ ತಾಮ್ರದ ಪಟ್ಟಿ ಡಬ್ಬದಲ್ಲಿ ಬೇರೆಯಾಗಿ ಬಂದಿರುತ್ತದೆ. ಅದನ್ನು ಹಾಕದೆ "ಜನರೇಟರ್ ಕಡೆ ಸ್ವಿಚ್ಚೇ ಕೆಟ್ಟಿದೆ" ಅಂತ ಅಂಗಡಿಗೆ ವಾಪಸ್ ತಂದವರನ್ನು ನೋಡಿದ್ದೇನೆ.

ಹಾಕಿ ಮುಗಿದ ಮೇಲಿನ ಪರೀಕ್ಷೆಯನ್ನು ನಾನು ಭಾವನ ಪರೀಕ್ಷೆ ಅಂತಲೇ ಕರೆಯುವುದು. ಮೇನ್ ಸ್ವಿಚ್ ಆಫ್ ಮಾಡುತ್ತೇನೆ. ಜನರೇಟರ್ ಶುರು ಮಾಡಿ ಹಿಡಿಯನ್ನು ಎರಡಕ್ಕೆ ತರುತ್ತೇನೆ. ಮನೆಯಲ್ಲಿ ಲೈಟು ಉರಿಯುತ್ತಿರುತ್ತದೆ. ಈಗ ಮಲ್ಟಿಮೀಟರ್ ಹಿಡಿದು, ಚೇಂಜ್ ಓವರಿನ ಲೈನ್ ಕಡೆಯ ಟರ್ಮಿನಲ್ಲಿಗೆ ಬರುತ್ತೇನೆ. ಫೇಸಿಗೂ ನ್ಯೂಟ್ರಲ್ಲಿಗೂ ಸೊನ್ನೆ. ಫೇಸಿಗೂ ಅರ್ಥಿಗೂ ಸೊನ್ನೆ. ನ್ಯೂಟ್ರಲ್ಲಿಗೂ ಅರ್ಥಿಗೂ ಸೊನ್ನೆ. ಇದಕ್ಕೆ ಟೆಸ್ಟರ್ ಸ್ಕ್ರೂ ಡ್ರೈವರ್ ನಂಬಬೇಡಿ, ಮಲ್ಟಿಮೀಟರೇ ಬೇಕು. ಆ ಮೀಟರನ್ನೂ ಮೊದಲು ಕರೆಂಟ್ ಇರುವ ಸಾಕೆಟ್ಟಿನಲ್ಲಿ ಹಿಡಿದು ಸರಿಯಿದೆಯಾ ನೋಡಿಕೊಳ್ಳಬೇಕು. ಮನೆಯವರನ್ನು ಪಕ್ಕಕ್ಕೆ ಕರೆದು ಆ ಅಂಕಿ ತೋರಿಸುತ್ತೇನೆ.

ತ್ರೀ ಫೇಸ್ ಆದರೆ ಇನ್ನೊಂದು ಪರೀಕ್ಷೆ ಇದೆ, ಮೂರು ಫೇಸ್ ಯಾವ ಸರದಿಯಲ್ಲಿ ಬರುತ್ತವೆ ಅಂತ ನೋಡುವುದು. ಗೌಡರ ಆಲೆಮನೆಗೆ ಆಮೇಲೆ 25 ಕೆವಿಎ ಡೀಸೆಲ್ ಜನರೇಟರ್ ಬಂತು. ತ್ರೀ ಫೇಸಿನಲ್ಲಿ ಅದು ಸುಮಾರು 35 ಆಂಪಿಯರ್ ಕೊಡುತ್ತದೆ. ಗಾಣದ ಮೋಟರ್ 10 ಎಚ್‌ಪಿ, ಓಡುವಾಗ 15 ಆಂಪಿಯರ್ ಒಳಗೇ. "ಅರ್ಧಕ್ಕರ್ಧ ಮಿಕ್ತದೆ, ಇಷ್ಟು ದೊಡ್ಡದು ಯಾಕೆ ಬೇಕಿತ್ತು" ಅಂದರು ಅವರು. ಮೋಟರ್ ನೇರವಾಗಿ ಎದ್ದರೆ ಆ ಗಳಿಗೆಗೆ ಆರು ಪಟ್ಟು ಎಳೆಯುತ್ತದೆ, ಮೋಟರನ್ನು ಮೆಲ್ಲಗೆ ಎಬ್ಬಿಸುವ ಸ್ಟಾರ್ ಡೆಲ್ಟಾ ಸ್ಟಾರ್ಟರ್ ಇದ್ದರೆ ಅದರ ಮೂರನೇ ಒಂದು ಭಾಗ. ಜಾಗ ಇಟ್ಟುಕೊಳ್ಳಲೇಬೇಕು. ಮೊದಲ ದಿನ ಜನರೇಟರ್ ಮೇಲೆ ಗಾಣ ತಿರುಗಿಸಿದರೆ, ಒಳಗೆ ಕೊಟ್ಟ ಕಬ್ಬು ಕೊಟ್ಟವನ ಎದೆಗೇ ವಾಪಸ್ ಬಂತು! ಗಾಣ ಉಲ್ಟಾ ತಿರುಗಿತ್ತು. ಲೈನಿನ ಫೇಸ್ ಸರದಿ ಒಂದು, ಜನರೇಟರಿನದ್ದು ಇನ್ನೊಂದು. ತಪ್ಪು ನನ್ನದೇ. ಫೇಸ್ ಸೀಕ್ವೆನ್ಸ್ ಮೀಟರ್ ಹಿಡಿದು ನೋಡಿರಲಿಲ್ಲ. ಜನರೇಟರ್ ನಿಲ್ಲಿಸಿ, ಅದರ ಕಡೆಯ ಎರಡು ಫೇಸನ್ನು ಅದಲುಬದಲು ಮಾಡಿದೆ. ಮೋಟರಿನ ಹತ್ತಿರ ಬದಲಾಯಿಸಿದ್ದರೆ ಲೈನ್ ಕರೆಂಟಿನಲ್ಲಿ ಉಲ್ಟಾ ಆಗುತ್ತಿತ್ತು. ಈಗ ಆ ಮೀಟರ್ ಚೀಲದಲ್ಲಿ ಸದಾ ಇರುತ್ತದೆ.

ಬಳಸುವ ಕ್ರಮವನ್ನು ಪೆಟ್ಟಿಗೆಯ ಬಾಗಿಲ ಮೇಲೆ ಕನ್ನಡದಲ್ಲೇ ಬರೆದು ಅಂಟಿಸಿ ಬರುತ್ತೇನೆ. ಕರೆಂಟ್ ಹೋಯಿತು: ದೊಡ್ಡ ಸ್ವಿಚ್ಚೆಲ್ಲ ಆಫ್, ಹಿಡಿ ಸೊನ್ನೆಗೆ, ಜನರೇಟರ್ ಶುರು, ಎರಡು ನಿಮಿಷ ಬಿಡಿ, ಹಿಡಿ ಎರಡಕ್ಕೆ, ಒಂದೊಂದಾಗಿ ಆನ್. ಬಂದಾಗ ಇದರ ಉಲ್ಟಾ. ಜನರೇಟರನ್ನು ಮಾತ್ರ ತಕ್ಷಣ ನಿಲ್ಲಿಸಬೇಡಿ, ಲೋಡಿಲ್ಲದೆ ಎರಡು ಮೂರು ನಿಮಿಷ ಓಡಿ ತಣ್ಣಗಾಗಲಿ. ಒಂದು ಗುರುತಿನಿಂದ ಮುಂದಿನ ಗುರುತಿಗೆ ಹಿಡಿಯನ್ನು ಒಂದೇ ಬೀಸಿಗೆ ತಿರುಗಿಸಬೇಕು. ಅರ್ಧಕ್ಕೆ ನಿಲ್ಲಿಸಿ ಯೋಚನೆ ಮಾಡುವ ಜಾಗ ಅದಲ್ಲ. ಜನರೇಟರ್ ಯಾವಾಗಲೂ ಮನೆಯ ಆಚೆ ಇರಲಿ. ಅದರ ಹೊಗೆಯಲ್ಲಿ ವಾಸನೆಯೇ ಇಲ್ಲದ ವಿಷಗಾಳಿ ಇರುತ್ತದೆ, ಮುಚ್ಚಿದ ಕೋಣೆಯಲ್ಲಿ ಮಲಗಿದವರು ಏಳುವುದಿಲ್ಲ. ಮತ್ತೆ, ಲೈನ್ ಕಡೆಗೆ ಒಂದು ಸಣ್ಣ ಇಂಡಿಕೇಟರ್ ದೀಪ ಹಾಕಿಸಿ. ಇಲ್ಲದಿದ್ದರೆ ಕರೆಂಟ್ ಬಂತಾ ಅಂತ ತಿಳಿಯಲು ಎದುರು ಮನೆ ಕಡೆ ಇಣುಕುತ್ತಾ ಕೂರಬೇಕು.

ಶಿವನಸಮುದ್ರ ನಮ್ಮ ಮಂಡ್ಯ ಜಿಲ್ಲೆಯದೇ. 1902ರಲ್ಲೇ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಕಳಿಸಿದವರು ನಾವು. ಇವತ್ತು ಒಂದು ಗಾಳಿ ಬೀಸಿದರೆ ಕ್ಯಾಂಡಲ್ ಹುಡುಕುತ್ತೇವೆ. ಇರಲಿ.

ಆಟೋಮ್ಯಾಟಿಕ್ ಬೇಕಾ ಅಂತ ಕೇಳುತ್ತಾರೆ. ಆಸ್ಪತ್ರೆಗೆ, ಕಲ್ಯಾಣ ಮಂಟಪಕ್ಕೆ, ಕೋಳಿ ಫಾರಂಗೆ ಬೇಕು. ಕರೆಂಟ್ ಹೋದ ಕೆಲವು ಸೆಕೆಂಡಿಗೆ ಅದೇ ಜನರೇಟರ್ ಎಬ್ಬಿಸಿ, ಅದೇ ಬದಲಾಯಿಸಿಕೊಳ್ಳುತ್ತದೆ. ಒಳಗಿನ ಎರಡು ಕಾಂಟ್ಯಾಕ್ಟರು, ಅಂದರೆ ಕರೆಂಟಿನಿಂದಲೇ ಆಡುವ ಸ್ವಿಚ್ಚುಗಳು, ಒಟ್ಟಿಗೆ ಹಿಡಿಯದ ಹಾಗೆ ಅವಕ್ಕೆ ವೈರಿಂಗಿನ ಇಂಟರ್‌ಲಾಕ್ ಅಲ್ಲದೆ ಮೆಕ್ಯಾನಿಕಲ್ ಇಂಟರ್‌ಲಾಕ್ ಕೂಡ ಇದೆಯಾ ನೋಡಿ ತಗೊಳ್ಳಿ. ಸಾಧಾರಣ ಮನೆಗೆ ಕೈಯಲ್ಲಿ ತಿರುಗಿಸುವುದೇ ಸಾಕು ಅನ್ನುವುದು ನನ್ನ ಅಭಿಪ್ರಾಯ. ಕೆಡುವ ಸಾಮಾನು ಕಮ್ಮಿ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದು ಚೇಂಜ್ ಓವರ್ ಆದಮೇಲೆ ಬರಬೇಕು. ಚಾವಣಿ ಮೇಲಿನ ಸೋಲಾರ್ ಲೈನಿಗೆ ಸೇರುವಂಥದ್ದಾದರೆ ಅದು ಚೇಂಜ್ ಓವರಿಗೆ ಮುಂಚೆ, ಲೈನ್ ಕಡೆಗೇ ಇರಬೇಕು. ಜನರೇಟರಿಗೆ ಅದರ ಕರೆಂಟು ಎದುರಾಗಬಾರದು.

ಇನ್ನು ಮೇಂಟೆನೆನ್ಸ್. ತಿಂಗಳಿಗೊಮ್ಮೆ ಕರೆಂಟ್ ಹೋಗದಿದ್ದರೂ ಜನರೇಟರ್ ಶುರು ಮಾಡಿ, ಹಿಡಿ ತಿರುಗಿಸಿ, ಅರ್ಧ ಗಂಟೆ ಲೋಡ್ ಮೇಲೆ ಓಡಿಸಿ. ಬಿಚ್ಚಿ ನೋಡುವ ಕೆಲಸಕ್ಕೆ ನಾನು ವರ್ಷಕ್ಕೆ ಎರಡು ದಿನ ಇಟ್ಟುಕೊಂಡಿದ್ದೇನೆ, ಯುಗಾದಿಗೆ ಮುಂಚೆ ಒಂದು, ಆಯುಧಪೂಜೆಗೆ ಮುಂಚೆ ಒಂದು. ಬೇಸಿಗೆಯ ಗಾಳಿಮಳೆಗೆ ಮೊದಲನೆಯದು ಒದಗುತ್ತದೆ. ಎರಡನೆಯದಕ್ಕೆ ಹೇಗೂ ಎಲ್ಲರೂ ಯಂತ್ರ ತೊಳೆದು ಒರೆಸುತ್ತಿರುತ್ತಾರೆ. ಲೈನ್ ಆಫ್ ಮಾಡಿ, ಜನರೇಟರಿನ ಬ್ಯಾಟರಿ ವೈರು ಬಿಚ್ಚಿಟ್ಟು, ಎರಡೂ ಕಡೆ ಮೀಟರ್ ಹಿಡಿದು ಸೊನ್ನೆ ನೋಡಿದ ಮೇಲೇ ಮುಚ್ಚಳ ತೆಗೆಯುವುದು. ಟರ್ಮಿನಲ್ ಸ್ಕ್ರೂ ಒಂದೊಂದೂ ಬಿಗಿ ಮಾಡಬೇಕು. ಅಲ್ಯೂಮಿನಿಯಂ ಕೇಬಲ್ ಆದರೆ ಖಂಡಿತ ಸಡಿಲ ಆಗಿರುತ್ತದೆ. ವೈರಿನ ತುದಿ ಕಂದು ಬಣ್ಣಕ್ಕೆ ತಿರುಗಿದ್ದರೆ, ಇನ್ಸುಲೇಷನ್ ಮುಟ್ಟಿದರೆ ಪುಡಿಯಾದರೆ, ಅಲ್ಲಿ ಕಾವು ಹತ್ತಿದೆ ಅಂತ ಅರ್ಥ. ಬರೀ ಬಿಗಿ ಮಾಡಿದರೆ ಸಾಲದು, ತುದಿ ಕತ್ತರಿಸಿ ಹೊಸ ಲಗ್ (ವೈರಿನ ತುದಿಯ ಲೋಹದ ಕೊಂಡಿ) ಒತ್ತಿ ಕೂರಿಸಬೇಕು. ಕಾಂಟ್ಯಾಕ್ಟ್ ಕಪ್ಪಗಾಗಿದೆ ಅಂತ ಉಪ್ಪು ಕಾಗದ ಹಿಡಿದು ಉಜ್ಜಬೇಡಿ. ಮೇಲಿನ ಬೆಳ್ಳಿಯ ಲೇಪ ಹೋದರೆ ಮುಂದಿನ ವರ್ಷ ಹೊಸ ಸ್ವಿಚ್ಚೇ ಗತಿ.

ಕೇಬಲ್ ಬರುವ ತೂತಿಗೆ ಸಂದು ಮುಚ್ಚುವ ಗ್ಲ್ಯಾಂಡ್ ಹಾಕದೆ ಬಿಟ್ಟರೆ ಹಲ್ಲಿ ಬರುತ್ತದೆ. ಎರಡು ಫೇಸಿನ ನಡುವೆ ಮಲಗಿ, ತಾನೂ ಸುಟ್ಟು ಸ್ವಿಚ್ಚನ್ನೂ ಸುಡುತ್ತದೆ. ಆಲೆಮನೆಯಲ್ಲಿ ಅದರ ಜೊತೆ ಇರುವೆ. ಕೊಪ್ಪರಿಗೆಯ ಆವಿ, ಒಲೆಯ ಬೂದಿ, ಬೆಲ್ಲದ ಅಂಟು ಎಲ್ಲ ಸೇರಿ ಒಳಗೆ ಪದರ ಕಟ್ಟುತ್ತದೆ. ಅದಕ್ಕೇ ಗೌಡರ ಪೆಟ್ಟಿಗೆಯನ್ನು ಒಲೆಯಿಂದ ದೂರ, ಮನೆ ಕಡೆಯ ಗೋಡೆಗೆ ಹೊಡೆದೆ.

ಹೋದ ವರ್ಷ ಆಯುಧಪೂಜೆ ಆದಮೇಲೆ ಅವರ ಮನೆಯಿಂದ ಫೋನ್ ಬಂತು. ಜನರೇಟರ್ ಕಡೆಗೆ ಹಾಕಿದರೆ ಎಂಸಿಬಿ ಬೀಳುತ್ತಿದೆ ಅಂತ. ಹೋಗಿ ಬಿಚ್ಚಿದೆ. ಒಳಗೆ, ಸರಿಯಾಗಿ ಎರಡನೇ ನಂಬರಿನ ಟರ್ಮಿನಲ್ ಮೇಲೆ, ಕುಂಕುಮ ಹಚ್ಚಿ ಹೋಳು ಮಾಡಿದ ನಿಂಬೆಹಣ್ಣು. ರಸ ಇಳಿದು ತಾಮ್ರ ಹಸಿರಾಗಿತ್ತು.

"ಒಳಗೂ ದೇವರು ಇರ್ತಾನಲ್ಲಪ್ಪ ಅಂತ ಮಡಗಿದೆ," ಅಂದರು ಅಮ್ಮ.

"ಇರ್ತಾನಮ್ಮ. ನಿಂಬೆಹಣ್ಣು ಆಚೆ ಕಡೆ ಮಡಗಿ," ಅಂದು ಟರ್ಮಿನಲ್ ಬದಲಾಯಿಸಿ, ಬಾಗಿಲಿಗೆ ಒಂದು ಬೀಗ ಹಾಕಿ ಬಂದೆ. ಹಿಡಿ ಆಚೆಗೇ ಇದೆ, ಅದಕ್ಕೆ ಬೀಗ ಅಡ್ಡ ಬರುವುದಿಲ್ಲ. ಕೀ ಗೌಡರ ಹತ್ತಿರ ಇದೆ.